ಲೆಕ್ಕಕ್ಕುಂಟು ಆಟಕ್ಕಿಲ್ಲ: ಉಳವಿ ಹೋಬಳಿಯ ‘ಎಕ್ಸ್‌ಟ್ರಾ’ ಕುರಿತ ಮಹಾಪ್ರಬಂಧಕ್ಕೊಂದು ಪೀಠಿಕೆ

ಮೊದಲು ಸ್ಥಳನಿರ್ಣಯ. ಉಳವಿ ಎಂದ ಕೂಡಲೇ ಕೇಳಿದವರು ಕೈಮುಗಿದರೆ ಅವರ ಮನಸ್ಸಿನಲ್ಲಿರುವುದು ಜೋಯಿಡಾದ ಕಾಡಿನ ನಡುವಿನ ಉಳವಿ, ಚನ್ನಬಸವಣ್ಣನ ಐಕ್ಯಸ್ಥಳ. ಪ್ರಸ್ತುತ ಪ್ರಬಂಧದ ಉಳವಿ ಅದಲ್ಲ. ಇದು ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಒಂದು ಹೋಬಳಿ. ಹೆಸರು ಹೇಳಿದಾಗಲೆಲ್ಲ ‘ಓ, ಆ ಉಳವಿಯಾ?’ ಅನ್ನಿಸಿಕೊಂಡು, ‘ಅಲ್ಲ, ಇದು ಇನ್ನೊಂದು’ ಎಂದು ತಗ್ಗಿದ ದನಿಯಲ್ಲಿ ಉತ್ತರಿಸುತ್ತ ಬಂದ ಈ ಊರಿಗಿಂತ ಎಕ್ಸ್‌ಟ್ರಾ ಆಟಗಾರನ ಅಧ್ಯಯನಕ್ಕೆ ತಕ್ಕ ಕ್ಷೇತ್ರ ಬೇರೆಲ್ಲಿ ಸಿಕ್ಕೀತು? ‘ಉಳವಿ’ ಎಂಬುದು ‘ಉಳಿ’ ಧಾತುವಿನಿಂದ ಬಂದದ್ದು, ತಂಡ ಆರಿಸಿದ ಮೇಲೆ ಉಳಿದವರ ಊರು ಎಂದೇ ಅದರ ಅರ್ಥ ಎಂದು ಸಾಧಿಸುವ ಆಸೆ ಪ್ರಬಂಧಕಾರನಿಗೆ ಬಹಳ ಇತ್ತು. ಪುರಾವೆ ಸಿಗಲಿಲ್ಲ. ಆಸೆಯನ್ನು ಇಲ್ಲಿಗೇ ಬಿಡಲಾಗಿದೆ.

ಇನ್ನು ಲಕ್ಷಣ. ಕಬಡ್ಡಿ ತಂಡದಲ್ಲಿ 12 ಮಂದಿ, ಅಂಕಣದಲ್ಲಿ 7. ಖೋಖೋದಲ್ಲಿ 12ಕ್ಕೆ 9, ವಾಲಿಬಾಲಿನಲ್ಲಿ 12ಕ್ಕೆ 6. ಈ ವ್ಯವಕಲನದಲ್ಲಿ ಬರುವ ಶೇಷಕ್ಕೆ ಗ್ರಂಥಭಾಷೆಯಲ್ಲಿ ‘ಕಾಯ್ದಿರಿಸಿದ ಆಟಗಾರ’ ಎಂದೂ ಮಕ್ಕಳ ಬಾಯಲ್ಲಿ ‘ಎಕ್ಸ್‌ಟ್ರಾ’ ಎಂದೂ ಹೆಸರು. ‘ಕಾಯ್ದಿರಿಸಿದ’ ಎಂಬ ಪದದ ಸೊಗಸು ಗಮನಾರ್ಹ: ಬಸ್ಸಿನಲ್ಲಾದರೆ ಕಾಯ್ದಿರಿಸಿದ್ದಕ್ಕೆ ಸೀಟು ಸಿಗುತ್ತದೆ. ಇಲ್ಲಿಯೂ ಸಿಗುವುದು ಸೀಟೇ. ನಿಂಬೆಹಣ್ಣಿನ ಹೋಳು ಹಿಡಿಯುವುದು, ಗ್ಲೂಕೋಸ್ ಡಬ್ಬಿ ಕಾಯುವುದು, ಮಳೆಗೆ ಕರಗಿದ ಸುಣ್ಣದ ಗೆರೆಯನ್ನು ಮತ್ತೆ ಎಳೆಯುವುದು, ಯಾರದೋ ವಾಚನ್ನು ತನ್ನ ಕೈಗೆ ಕಟ್ಟಿಕೊಂಡು ಯಾರೋ ಆಡುವ ಹೊತ್ತನ್ನು ಎಣಿಸುವುದು ಇವನ ನಿತ್ಯಕರ್ಮ.

ಈಗ ಪ್ರಬಂಧದ ಮೂಲಪ್ರತಿಜ್ಞೆ. ಕನ್ನಡಿಗರು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂಬ ಮಾತನ್ನು ಹೀಯಾಳಿಕೆಗೆ ಬಳಸುತ್ತಾರೆ. ನಿಜಕ್ಕೂ ಅದೊಂದು ನ್ಯಾಯಸಂಹಿತೆ. ಅದರ ಉಗಮ ನೋಡಿ. ಲಗೋರಿಗೋ ಕಣ್ಣಾಮುಚ್ಚಾಲೆಗೋ ಹೊರಟ ಅಕ್ಕನ ಸೊಂಟಕ್ಕೆ ಅಮ್ಮ ತಮ್ಮನನ್ನು ಏರಿಸಿ ಕಳಿಸುತ್ತಾಳೆ. ‘ಅವನನ್ನೂ ಸೇರಿಸ್ಕೊಂಡ್ರೆ ಮಾತ್ರ ಆಟ.’ ತಮ್ಮ ಮೂರು ವರ್ಷದವ. ಸಿಕ್ಕಿಬಿದ್ದರೆ ಅಳುತ್ತಾನೆ, ಕಳ್ಳನಾದರೆ ಮನೆಗೆ ಓಡುತ್ತಾನೆ. ಅಂಗಳದ ಪರಿಷತ್ತು ಒಂದೇ ಕ್ಷಣದಲ್ಲಿ ಶಾಸನ ಮಾಡುತ್ತದೆ: ಇವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಅಲ್ಲಿಂದ ದೀಪ ಹಚ್ಚುವ ಹೊತ್ತಿನ ತನಕ ಅವನು ಓಡುತ್ತಾನೆ, ಅಡಗುತ್ತಾನೆ, ಅಡಗಿದಲ್ಲಿಂದಲೇ ‘ನಾ ಇಲ್ಲಿದೀನಿ’ ಎಂದು ಕೂಗುತ್ತಾನೆ. ಔಟಾಗುವುದಿಲ್ಲ. ಆದರೆ ಮಂಡಿ ಮಾತ್ರ ಎಲ್ಲರಂತೆ ತರಚಿರುತ್ತದೆ.

ಅದೇ ತಮ್ಮ ಏಳನೇ ಕ್ಲಾಸಿಗೆ ಬಂದಾಗ ಶಾಸನ ತಲೆಕೆಳಗಾಗುತ್ತದೆ. ಅವನ ಹೆಸರು ಹೋಬಳಿ ಮಟ್ಟದ ಕ್ರೀಡಾಕೂಟದ ಪಟ್ಟಿಯಲ್ಲಿ ಜನ್ಮದಿನಾಂಕ, ಭಾವಚಿತ್ರ, ಮುಖ್ಯೋಪಾಧ್ಯಾಯರ ಮೊಹರು ಸಮೇತ ಇರುತ್ತದೆ. ಬೆನ್ನ ಮೇಲೆ 12 ಎಂಬ ಅಂಕಿಯೂ ಇರುತ್ತದೆ. ಮಂಡಿ ಮಾತ್ರ ಮಿರಮಿರ ಮಿಂಚುತ್ತಿರುತ್ತದೆ. ಇವನೇ ಲೆಕ್ಕಕ್ಕುಂಟು ಆಟಕ್ಕಿಲ್ಲ. ಅಂಗಳದ ಮಕ್ಕಳು ಕಂಡುಕೊಂಡಿದ್ದ ನ್ಯಾಯವನ್ನು ದೊಡ್ಡವರು ಪೀಪಿ ಊದಿ ಹಾಳುಮಾಡಿದ್ದೇ ಕ್ರೀಡಾಶಿಕ್ಷಣದ ಇತಿಹಾಸ ಎಂಬುದು ಪ್ರಬಂಧಕಾರನ ಮತ.

ಪ್ರಾಚೀನ ಆಧಾರಗಳಿಗೆ ಬರೋಣ. ಸೊರಬ ಶಿಕಾರಿಪುರಗಳಲ್ಲಿ ಕಾಲಿಟ್ಟಲ್ಲಿ ಕಲ್ಲು, ಕಲ್ಲಿದ್ದಲ್ಲಿ ಶಾಸನ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬವನ್ನು ತೆಗೆದುಕೊಳ್ಳಿ. ಕುಬ್ಜನೆಂಬ ಕವಿ ಬರೆದ ಆ ಐದನೇ ಶತಮಾನದ ಬರಹದ ಪ್ರಕಾರ ಮಯೂರಶರ್ಮ ಓದಲೆಂದು ಕಂಚಿಯ ಘಟಿಕಾಸ್ಥಾನಕ್ಕೆ ಹೋದ, ಅಲ್ಲಿ ಪಲ್ಲವರ ಕುದುರೆಯಾಳಿನೊಂದಿಗೆ ಜಗಳವಾಗಿ ಅವಮಾನಗೊಂಡ, ದರ್ಭೆ ಹಿಡಿದ ಕೈಗೆ ಕತ್ತಿ ಬಂತು, ಕದಂಬ ರಾಜ್ಯ ಹುಟ್ಟಿತು. ಇತಿಹಾಸಕಾರರು ಇದನ್ನು ರಾಜಕೀಯ ಘಟನೆ ಎನ್ನುತ್ತಾರೆ. ಕಬಡ್ಡಿ ಅಂಕಣದ ಪಕ್ಕ ಒಂದು ದಿನ ಕೂತವನಿಗೆ ನಿಜ ಗೊತ್ತು: ಹೊರಗೆ ಕೂರಿಸಿದ ಹುಡುಗ ಸ್ವಂತ ತಂಡ ಕಟ್ಟಿದ್ದಕ್ಕೆ ಕನ್ನಡನಾಡಿನ ಮೊದಲ ಲಿಖಿತ ದಾಖಲೆ ಇದು.

ವೀರಗಲ್ಲುಗಳ ಸಾಕ್ಷ್ಯ ಇನ್ನೂ ಕಠೋರ. ಈ ಸೀಮೆಯಲ್ಲಿ ತುರುಗೊಳ್ಳುವವರನ್ನು ತಡೆದು ಸತ್ತವರ ಕಲ್ಲುಗಳಿಗೆ ಬರವಿಲ್ಲ. ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಕೈಲಾಸ. ಒಂದೇ ಒಂದು ಕಲ್ಲಿನಲ್ಲಾದರೂ ದನ ಬಿಡಿಸಲು ಹೊರಟು ‘ನೀ ಇಲ್ಲೇ ಇರು, ಬೇಕಾದ್ರೆ ಕರೀತೀವಿ’ ಅನ್ನಿಸಿಕೊಂಡು ಊರಬಾಗಿಲಲ್ಲಿ ಎಲ್ಲರ ಕಂಬಳಿ ಹಿಡಿದು ನಿಂತವನ ಚಿತ್ರವಿದೆಯೇ? ನಾನು ಕಂಡಷ್ಟರಲ್ಲಿ ಇಲ್ಲ. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಮಾತ್ರ ಸ್ವಲ್ಪ ಸಮಾಧಾನ ಕೊಡುತ್ತದೆ. ವೇದವ್ಯಾಕರಣಗಳ ಪಾಠದ ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಎಲ್ಲರಿಗೂ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಮದ್ದಿತ್ತು. ಎಂಟುನೂರು ವರ್ಷದ ಹಿಂದೆ ಪಂಕ್ತಿಭೇದವಿಲ್ಲದೆ ಬಡಿಸಿದ ಸೀಮೆಯಿದು. ಈಗ ಆಟ ಬಡಿಸುವಾಗ ಸೌಟು ಏಳನೇ ಎಲೆಗೇ ನಿಲ್ಲುತ್ತದೆ.

ಗಣಿತ ಪ್ರಕರಣ ಚಿಕ್ಕದು. ಕಿರಿಯರ ಕಬಡ್ಡಿ 15 ನಿಮಿಷದ ಎರಡು ಅವಧಿ. ಏಳು ಜನ, 30 ನಿಮಿಷ: 210 ಬಾಲನಿಮಿಷಗಳು. ಹನ್ನೆರಡರಿಂದ ಭಾಗಿಸಿದರೆ ತಲೆಗೆ ಹದಿನೇಳೂವರೆ. ಐದನೇ ಕ್ಲಾಸಿನ ಲೆಕ್ಕ. ಬದಲಿಯಾಗಿ ಹೊರಹೋದವನು ಮತ್ತೆ ಒಳಬರಲು ಕಬಡ್ಡಿಯ ನಿಯಮದಲ್ಲಿ ಅವಕಾಶವೂ ಇದೆ. ನಿಯಮಪುಸ್ತಕ ನಿರ್ದೋಷಿ.

ಲೆಕ್ಕಕ್ಕಿಂತ ದೊಡ್ಡದು ಕಬಡ್ಡಿಯ ತತ್ತ್ವಜ್ಞಾನ. ಇಲ್ಲಿ ಔಟಾದವನಿಗೆ ‘ಸತ್ತ’ ಎನ್ನುತ್ತಾರೆ. ಸತ್ತವನು ಗೆರೆಯಾಚೆ ಕೂರುತ್ತಾನೆ. ಎದುರು ತಂಡದವನೊಬ್ಬ ಸತ್ತರೆ ಇವನು ಬದುಕುತ್ತಾನೆ. ಅದೂ ಸತ್ತ ಸರದಿಯಲ್ಲೇ, ಮೊದಲು ಸತ್ತವ ಮೊದಲು. ಹೀಗೆ ಪುನರ್ಜನ್ಮಕ್ಕೂ ಪಾಳಿ ಇಟ್ಟ ಆಟ ಜಗತ್ತಿನಲ್ಲಿ ಅಪರೂಪ. ಆದರೆ ಪಕ್ಕದಲ್ಲೇ ಕೂತ ಎಕ್ಸ್‌ಟ್ರಾನ ಗತಿ? ಅವನು ಸಾಯಲೂ ಇಲ್ಲ, ಬದುಕಲೂ ಇಲ್ಲ, ಅವನಿನ್ನೂ ಹುಟ್ಟಿಲ್ಲ. ಸತ್ತವರಿಗೆ ಮೋಕ್ಷಮಾರ್ಗ ಹೇಳಿದ ದರ್ಶನಗಳು ಹುಟ್ಟದವರ ಬಗ್ಗೆ ಮೌನ ತಾಳಿವೆ.

ಪೂರ್ವಪಕ್ಷ ಹೀಗೆ: ‘ಅವನಿಗೆ ಆಡಕ್ಕೆ ಬರಲ್ಲ ಸಾರ್.’ ಯಾಕೆ ಬರುವುದಿಲ್ಲ? ಆಡಿಲ್ಲ. ಯಾಕೆ ಆಡಿಲ್ಲ? ಬರುವುದಿಲ್ಲ. ನ್ಯಾಯಶಾಸ್ತ್ರ ಇದನ್ನು ಅನ್ಯೋನ್ಯಾಶ್ರಯ ದೋಷ ಎನ್ನುತ್ತದೆ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎನ್ನುತ್ತದೆ ಸೊರಬದ ಸಂತೆ. ಈ ಗಂಟನ್ನು ಬಿಚ್ಚಿದವರು ಯಕ್ಷಗಾನದವರು. ಮೇಳಕ್ಕೆ ಸೇರಿದ ಹುಡುಗನನ್ನು ಅವರು ಚೌಕಿಯಲ್ಲಿ ಹತ್ತು ವರ್ಷ ಗೆಜ್ಜೆ ಕಾಯಲು ಕೂರಿಸುವುದಿಲ್ಲ. ಪೂರ್ವರಂಗ ಎಂಬುದನ್ನು ಕಟ್ಟಿ ಅವನಿಗೆ ಕೋಡಂಗಿ ವೇಷ ಕೊಡುತ್ತಾರೆ, ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಜನ ಇನ್ನೂ ಊಟ ಮುಗಿಸಿ ಚಾಪೆ ಹಾಸುತ್ತಿರುತ್ತಾರೆ, ಕಡಲೆಕಾಯಿಯವನು ಒಲೆ ಹೊತ್ತಿಸುತ್ತಿರುತ್ತಾನೆ, ಯಾರೂ ನೋಡುತ್ತಿರುವುದಿಲ್ಲ. ಹೆಜ್ಜೆ ತಪ್ಪಲಿ, ಪರವಾಗಿಲ್ಲ. ಆದರೆ ಹಿಂದೆ ಚಂಡೆಮದ್ದಳೆ ನಿಜದ್ದೇ, ದೀಪವೂ ನಿಜದ್ದೇ. ನಾಳಿನ ಕರ್ಣಾರ್ಜುನರು ಇವತ್ತಿನ ಕೋಡಂಗಿಗಳಿಂದಲೇ ಬರಬೇಕು ಎಂಬುದು ಭಾಗವತರಿಗೆ ಗೊತ್ತಿತ್ತು. ಪಿ.ಟಿ. ಮೇಷ್ಟ್ರುಗಳಿಗೆ ಇದನ್ನು ತರಬೇತಿಯಲ್ಲಿ ಯಾರೂ ಹೇಳಿದಂತಿಲ್ಲ.

ಎರಡನೇ ಆಕ್ಷೇಪ: ‘ಗೆಲ್ಲಬೇಕಲ್ಲ?’ ಗೆಲ್ಲಬೇಕು ನಿಜ. ಗೆದ್ದರೆ ಸೊರಬಕ್ಕೆ, ತಾಲ್ಲೂಕು ಮಟ್ಟಕ್ಕೆ ಹೋಗಬಹುದು. ಆದರೆ ಹೋಬಳಿಗೆ ಎಷ್ಟು ಶಾಲೆ ಬಂದರೂ ಗೆಲ್ಲುವುದು ಒಂದೇ. ಉಳಿದವೆಲ್ಲ ಏಳು ಜನರಿಂದ ಸೋಲುವುದನ್ನು ಹನ್ನೆರಡು ಜನರಿಂದ ಸೋತರೆ ಫಲಿತಾಂಶ ಪತ್ರದಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ. ಈ ಸಿದ್ಧಾಂತಕ್ಕೆ ಉತ್ತರ ಕೊಡುವ ಬದಲು ನಾನು ಕೇಳಿದ ಮೇಷ್ಟ್ರೊಬ್ಬರು ಚಹಾ ತರಿಸಿದರು.

ನೀರಿನ ದೃಷ್ಟಾಂತವನ್ನೂ ಇಲ್ಲೇ ಹೇಳಬೇಕು. ಸೊರಬ ಕೆರೆಗಳ ತಾಲ್ಲೂಕು. ಕೆರೆ ಇದ್ದಲ್ಲಿ ತೂಬಿನ ಬಾಯಲ್ಲಿ ಒಂದು ಗದ್ದೆ, ಕೊನೆಯಲ್ಲಿ ಒಂದು ಗದ್ದೆ. ತೂಬಿನ ಬಾಯಿಯದಕ್ಕೆ ನೀರು ತಾನಾಗಿ ಬರುತ್ತದೆ. ಕೊನೆಯದಕ್ಕೆ ಬರಬೇಕಾದರೆ ನಡುವೆ ನೀರಗಂಟಿ ಬೇಕು, ಗುದ್ದಲಿ ಹಿಡಿದು ‘ನಿಂದಾಯ್ತು, ಇನ್ನು ಅವನದ್ದು’ ಎಂದು ಮಡೆ ಕಟ್ಟುವವನು. ನಮ್ಮ ತಂಡಗಳಲ್ಲೂ ನೀರಗಂಟಿ ಇದ್ದಾನೆ. ಆದರೆ ಅವನು ಬಾಟಲಿ ಹಿಡಿದು ಓಡುವ ಎಕ್ಸ್‌ಟ್ರಾ. ಎಲ್ಲರಿಗೂ ನೀರು ಮುಟ್ಟಿಸುವ ಕೊನೆಗದ್ದೆ.

ಪರದೇಶದ ಮಾತು ಸ್ವಲ್ಪ. ಕ್ಯಾಲಿಫೋರ್ನಿಯಾದ ಟಾರೆನ್ಸ್‌ನಲ್ಲಿ 1964ರಲ್ಲಿ ಹುಟ್ಟಿದ ಮಕ್ಕಳ ಸಾಕರ್ ಸಂಸ್ಥೆ ಅಯ್ಸೋ, ‘ಎಲ್ಲರೂ ಆಡುತ್ತಾರೆ’ ಎಂಬುದನ್ನೇ ಘೋಷವಾಕ್ಯ ಮಾಡಿಕೊಂಡು, ತಂಡದ ಪ್ರತಿ ಮಗುವೂ ಪ್ರತಿ ಪಂದ್ಯದಲ್ಲಿ ಕನಿಷ್ಠ ಅರ್ಧ ಹೊತ್ತು ಆಡಲೇಬೇಕೆಂದು ವಿಧಿಸಿತು. ಅಲ್ಲಿ ನೆಲೆಸಿದ ನಮ್ಮ ಕಡೆಯವರೊಬ್ಬರು ಮಗಳ ಪಂದ್ಯಕ್ಕೆ ಸ್ಟಾಪ್‌ವಾಚ್ ಹಿಡಿದೇ ಹೋಗುತ್ತಾರಂತೆ, ನಲವತ್ತು ಸೆಕೆಂಡ್ ಕಮ್ಮಿಯಾದರೆ ಕೋಚಿಗೆ ಇಮೇಲ್ ಬರೆಯುತ್ತಾರಂತೆ. ಹದ್ದಿನ ತಕರಾರಿನಲ್ಲಿ ನುರಿತ ಕುಲ. ಹದ್ದು ಬದಲಾದರೂ ಕಲೆ ಹೋಗಿಲ್ಲ. ದೊಡ್ಡವರ ಫುಟ್‌ಬಾಲಿನ ಚರಿತ್ರೆ ಮಾತ್ರ ನಮಗಿಂತ ಕ್ರೂರ. ವಿಶ್ವಕಪ್‌ನಲ್ಲಿ ಬದಲಿ ಆಟಗಾರ ಎಂಬ ಪ್ರಾಣಿ ಕಾಣಿಸಿಕೊಂಡದ್ದೇ 1970ರಲ್ಲಿ. ಅದಕ್ಕೂ ಮೊದಲು, 1966ರಲ್ಲಿ ಗೆದ್ದ ಇಂಗ್ಲೆಂಡಿನ 22 ಮಂದಿಯಲ್ಲಿ ಫೈನಲ್ ಆಡಿದ 11 ಜನರಿಗಷ್ಟೇ ಪದಕ. ಗಾಯಗೊಂಡು ಜಾಗ ಕಳೆದುಕೊಂಡಿದ್ದ ಜಿಮ್ಮಿ ಗ್ರೀವ್ಸ್ ಸೇರಿದಂತೆ ಉಳಿದ ಹನ್ನೊಂದು ಮಂದಿಗೆ ಪದಕ ಸಿಕ್ಕಿದ್ದು 2009ರಲ್ಲಿ, 43 ವರ್ಷಗಳ ನಂತರ. ನಮ್ಮ ಹೋಬಳಿಯಲ್ಲಾದರೆ ಎಕ್ಸ್‌ಟ್ರಾಗೂ ಅವತ್ತೇ ಸಂಜೆ ಪ್ರಮಾಣಪತ್ರ ಕೊಟ್ಟು ಕಳಿಸುತ್ತಾರೆ.

ಪ್ರಮಾಣಪತ್ರದ ಮಾತು ಬಂದಿದ್ದರಿಂದ, ಈಗಿನ ಸಂಶೋಧನೆಗಳಲ್ಲಿ ಕಡ್ಡಾಯವಾಗಿರುವ ಹಿತಾಸಕ್ತಿ ಘೋಷಣೆಯನ್ನು ಇಲ್ಲಿ ಮಾಡುವುದು ವಿಹಿತ. ಏಳನೇ ಇಯತ್ತೆಯಲ್ಲಿ ಪ್ರಬಂಧಕಾರನೂ 12ನೇ ನಂಬರಿನವನಾಗಿದ್ದ. ಆಗಸ್ಟ್ ತಿಂಗಳ ಜಿರಾಪತಿ ಮಳೆ, ಮೈದಾನವೆಲ್ಲ ಕೆಸರು, ಬ್ಯಾಗು ನೆಲಕ್ಕಿಡುವಂತಿರಲಿಲ್ಲ. ಏಳು ಜನರ ಬ್ಯಾಗುಗಳು ನನ್ನ ಎರಡು ಹೆಗಲಿಗೂ ಕುತ್ತಿಗೆಗೂ ಹಂಚಿಕೆಯಾಗಿದ್ದವು. ಫೈನಲ್‌ನಲ್ಲಿ ನಮ್ಮವರು ಇಪ್ಪತ್ತು ಪಾಯಿಂಟ್ ಹಿಂದೆ ಬಿದ್ದ ಮೇಲೆ ಮೇಷ್ಟ್ರ ಮುಖದಲ್ಲಿ ಒಂದು ವೈರಾಗ್ಯ ಮೂಡಿತು. ತಿರುಗಿ ನನ್ನ ಕಡೆ ನೋಡಿ, ‘ಹೋಗಾ ತಮ್ಮಾ, ನೀನೂ ಒಂದ್ಸಲ ಹೋಗು’ ಅಂದರು. ಒಂದೊಂದಾಗಿ ಬ್ಯಾಗು ಇಳಿಸತೊಡಗಿದೆ. ಆರನೆಯದರ ಪಟ್ಟಿ ಏಳನೆಯದರ ಬಕಲ್ಲಿಗೆ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಕೊನೆಯ ಪೀಪಿ ಊದಿತು.

ಸಂಜೆ ಕೊಟ್ಟ ಪತ್ರದಲ್ಲಿ ‘ದ್ವಿತೀಯ ಸ್ಥಾನ ಪಡೆದ ತಂಡದಲ್ಲಿ ಭಾಗವಹಿಸಿರುತ್ತಾರೆ’ ಎಂದಿದೆ. ಮೂಲಪಾಠ ‘ಬ್ಯಾಗ್ ವಹಿಸಿರುತ್ತಾರೆ’ ಎಂದಿದ್ದು, ಲಿಪಿಕಾರನ ಕೈತಪ್ಪಿನಿಂದ ಈ ಪಾಠಾಂತರ ಸೇರಿರಬೇಕೆಂದು ನನ್ನ ಊಹೆ. ಆಸಕ್ತ ವಿದ್ವಾಂಸರು ಬಂದು ಪರಿಶೀಲಿಸಬಹುದು. ಪ್ರತಿಯನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟಿದ್ದೇನೆ.