ಎಲ್ಲಾ ಸೇರಿಸಿ ಹೇಳುವ ಅಂಕಲ್

"ಕರೆಂಟು, ನೀರು ಎಲ್ಲಾ ಸೇರೇ ಹೇಳ್ತಿರೋದು ಕಣಪ್ಪಾ. ಬಿಲ್ಲು ಗಿಲ್ಲು ಅನ್ನೋ ತಲೆನೋವೇ ಬೇಡ."

ಕೀಗೊಂಚಲು ಆಡಿಸುತ್ತಾ ಹೀಗೆ ಹೇಳುವ ಓನರ್ ಅಂಕಲ್ ಬೆಂಗಳೂರಿನ ವಿಜಯನಗರದಲ್ಲೂ ಸಿಗುತ್ತಾರೆ, ಬನಶಂಕರಿಯಲ್ಲೂ ಸಿಗುತ್ತಾರೆ. ಮೂವತ್ತು ನಲವತ್ತರ ಸೈಟು, ಕೆಳಗೆ ತಾವು, ಮೇಲೆ ಎರಡು ಮಹಡಿ ಬಾಡಿಗೆಗೆ, ಎಲ್ಲಕ್ಕಿಂತ ಮೇಲೆ ಸಿಂಟೆಕ್ಸ್ ಟ್ಯಾಂಕು. ಕೆಲಸದಿಂದ ರಿಟೈರಾಗಿ ವರ್ಷಗಳೇ ಆಗಿವೆ. ಡ್ಯೂಟಿ ಮಾತ್ರ ಮುಗಿದಿಲ್ಲ.

ಕರೆಂಟ್ ಬಿಲ್ಲನ್ನು ಬಾಡಿಗೆದಾರನೇ ಕಟ್ಟುವ ಮನೆಯಲ್ಲಿ ಅವನು ಎಷ್ಟು ಹೊತ್ತಿಗೆ ಸ್ನಾನ ಮಾಡಿದ ಎಂಬ ಗೊಡವೆ ಓನರ್‌ಗೆ ಇರುವುದಿಲ್ಲ. ಎಲ್ಲಾ ಸೇರಿಸಿ ಬಾಡಿಗೆ ಹೇಳಿದವರ ಪಾಡೇ ಬೇರೆ. 2000 ವಾಟ್‌ನ ಗೀಸರ್ ಅರ್ಧ ಗಂಟೆ ಉರಿದರೆ ಒಂದು ಯೂನಿಟ್. ಮೇಲಿನ ಇಬ್ಬರು ಹುಡುಗರು ದಿನಾ ಅರ್ಧರ್ಧ ಗಂಟೆ ಹಾಕಿದರೆ ತಿಂಗಳಿಗೆ 60 ಯೂನಿಟ್. ಯೂನಿಟ್‌ಗೆ ಆರು ರೂಪಾಯಿ ಆಸುಪಾಸು. ಈ ಮಗ್ಗಿಯನ್ನು ಅಂಕಲ್ ನಿದ್ದೆಗಣ್ಣಲ್ಲೂ ಒಪ್ಪಿಸುತ್ತಾರೆ. ಹಾಗಂತ ನೇರವಾಗಿ ಆಕ್ಷೇಪಿಸುವವರಲ್ಲ, ಮರ್ಯಾದಸ್ಥರು. ಮೆಟ್ಟಿಲಲ್ಲಿ ಸಿಕ್ಕಾಗ, "ಏನಪ್ಪಾ, ಇವತ್ತು ಎರಡು ಸಲ ಸ್ನಾನ? ಮೈ ಹುಷಾರಾಗಿದೆ ತಾನೆ?" ಎಂದು ಆರೋಗ್ಯ ವಿಚಾರಿಸುತ್ತಾರೆ.

2023ರಲ್ಲಿ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ ಬಂದಾಗ ಅಂಕಲ್ ಮುಖದಲ್ಲೂ ಜ್ಯೋತಿ ಬೆಳಗಿತು. ಒಬ್ಬರಿಗೆ ಒಂದೇ ಮೀಟರ್ ಎಂಬ ನಿಯಮ ಅಡ್ಡಬಂದಾಗ, "ನಿನ್ನ ಆಧಾರ್ ಒಂಚೂರು ಕೊಡಪ್ಪಾ" ಎಂದು ಮಹಡಿ ಹತ್ತಿದರು. ಆಧಾರ್ ಬಾಡಿಗೆದಾರನದು, ದುಡ್ಡು ಸರ್ಕಾರದ್ದು, ಕರೆಂಟು ಸೇರಿಸಿ ಕೊಟ್ಟ ಉದಾರಿ ಎಂಬ ಹೆಸರು ಅಂಕಲ್‌ದು. ಬಿಲ್ ಸೊನ್ನೆಯಾಯಿತು ಸರಿ, ಬಾಡಿಗೆಯಲ್ಲಿ ಕರೆಂಟಿಗೆಂದು ಸೇರಿಸಿದ್ದ ದುಡ್ಡು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಆದರೆ ಈ ಯೋಜನೆಗೊಂದು ಮುಳ್ಳಿದೆ: ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ ಕಟ್ಟಬೇಕು. ರೀಡಿಂಗ್‌ಗೆ ನಾಲ್ಕು ದಿನ ಇರುವಾಗ ಟಾರ್ಚ್ ಹಿಡಿದು, ಕನ್ನಡಕ ಹಣೆಗೇರಿಸಿ, ಮೀಟರ್ ಬೋರ್ಡಿಗೆ ಮೂಗು ತಾಗಿಸಿ ನಿಂತ ಅಂಕಲ್‌ರನ್ನು ನೋಡಬೇಕು. ಆ ಹೊತ್ತಿನಲ್ಲಿ ಮೇಲೆ ಯಾರಾದರೂ ಇಸ್ತ್ರಿಪೆಟ್ಟಿಗೆ ಹಾಕಿದರೆ ಅಂಕಲ್ ಬಿಪಿಯೂ ಏರುತ್ತದೆ.

ನೀರಿಗೆ ಟಾರ್ಚ್ ಬೇಡ, ಕಿವಿ ಸಾಕು. ಸಂಪಿನ ಮೋಟರ್ ದಿನಕ್ಕೆ ಎಷ್ಟು ಸಲ ಓಡಿತು, ಫ್ಲಶ್ ಎಷ್ಟು ಹೊತ್ತಿಗೆ ಆಯಿತು, ವಾಷಿಂಗ್ ಮೆಷಿನ್ ಭಾನುವಾರ ಬಿಟ್ಟು ಬುಧವಾರ ಯಾಕೆ ತಿರುಗಿತು, ಎಲ್ಲವೂ ಗೊತ್ತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶಿಸಿದಾಗ, ಅಂಕಲ್ ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಮೆಟ್ಟಿಲ ಗೋಡೆಗೆ ಅಂಟಿಸಿದರು. ಅಂಟಿಸಿದ್ದು ತಮ್ಮ ಹಳೇ ಮಾರುತಿಗೆ ಪೈಪಿನಲ್ಲಿ ನೀರು ಬಿಟ್ಟು ಮುಗಿಸಿದ ಮೇಲೆ. ಟ್ಯಾಂಕರ್ ತರಿಸಿದ ತಿಂಗಳು 'ಎಲ್ಲಾ ಸೇರಿ' ಎಂಬುದರಿಂದ ನೀರು ಸದ್ದಿಲ್ಲದೆ ಜಾರಿತು.

ಅಂಕಲ್ ಪರವಾಗಿಯೂ ಎರಡು ಮಾತು ಹೇಳಬೇಕು. ಶುಕ್ರವಾರ ರಾತ್ರಿ ಹಾಸನದ ಬಸ್ ಹಿಡಿದ ಹುಡುಗ ಫ್ಯಾನ್ ಆರಿಸದೆ ಹೋದರೆ, 75 ವಾಟ್‌ನ ಆ ಹಳೇ ಫ್ಯಾನು ಎರಡು ದಿನ ಯಾರಿಗೂ ಅಲ್ಲದ ಗಾಳಿ ಬೀಸಿ 3.6 ಯೂನಿಟ್ ನುಂಗುತ್ತದೆ. ಹೇಗೂ ಫ್ರೀ ಎಂದು ಗೆಳೆಯರ ಬಟ್ಟೆಯನ್ನೂ ತಂದು ಒಗೆಯುವ ಮಹಾನುಭಾವರು ಇದ್ದಾರೆ.

ಜಗಳವಾದರೆ ಕಾನೂನಿಲ್ಲವೇ? ಇದೆ, 1999ರ ಕರ್ನಾಟಕ ಬಾಡಿಗೆ ಕಾಯ್ದೆ. ಬೆಂಗಳೂರಿನಲ್ಲಿ ಅದು ಬಾಡಿಗೆ ತಿಂಗಳಿಗೆ 3500 ರೂಪಾಯಿ ಮೀರದ ಮನೆಗಳಿಗೆ ಮಾತ್ರ. ಆ ಬಾಡಿಗೆಗೆ ಇವತ್ತು ಅಂಕಲ್ ಸ್ಕೂಟರ್ ನಿಲ್ಲಿಸಲೂ ಬಿಡಲಿಕ್ಕಿಲ್ಲ.

ಆದ್ದರಿಂದ ಮನೆ ಹುಡುಕುವವರು ಅಡ್ವಾನ್ಸ್ ಕೊಡುವ ಮುಂಚೆ ಒಂದು ಕೆಲಸ ಮಾಡಲಿ. ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ಕರೆಂಟು ಎಷ್ಟು ಯೂನಿಟ್‌ವರೆಗೆ, ಟ್ಯಾಂಕರ್ ಖರ್ಚು ಯಾರದು ಎಂದು ಬರೆಸಿಕೊಳ್ಳಲಿ. ಅಂಕಲ್ ಒಪ್ಪದಿದ್ದರೆ, ಸಬ್ ಮೀಟರ್ ಹಾಕಿಸಿ ಎಂದು ಕೇಳಲಿ.