ಪುರಸಭೆಗೆ ಅಂಗಡಿಯವನ ಉಪಕಾರಸ್ಮರಣೆ

ಗೆ,
ಮಾನ್ಯ ಅಧ್ಯಕ್ಷರು (ಇದ್ದಲ್ಲಿ), ಇಲ್ಲದಿದ್ದಲ್ಲಿ ಆಡಳಿತಾಧಿಕಾರಿಗಳು,
ಸರ್ವ ಸದಸ್ಯರು ಹಾಗೂ ಮುಖ್ಯಾಧಿಕಾರಿಗಳು,
ಪುರಸಭೆ, ನಮ್ಮೂರು.

ವಿಷಯ: ತಮ್ಮ ಕಾಮಗಾರಿಗಳಿಂದ ನನ್ನ ವ್ಯಾಪಾರ ಅಭಿವೃದ್ಧಿಯಾದ ಬಗ್ಗೆ.
ಉಲ್ಲೇಖ: ಪೇಟೆ ಬೀದಿಯ ಸಿ.ಸಿ. ರಸ್ತೆ, ಹಾಕಿದ್ದು ಮತ್ತು ಅಗೆದದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಪೇಟೆ ಬೀದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವವನು. ಪುರಸಭೆಗೆ ಅರ್ಜಿ ಬರೆಯುವವರೆಲ್ಲ ದೂರು ಹೇಳುವುದಕ್ಕೇ ಬರೆಯುತ್ತಾರೆ. ಹೊಗಳಿ ಬರೆದದ್ದು ತಮ್ಮ ಆವಕ ವಿಭಾಗಕ್ಕೆ ಬಂದ ನೆನಪು ಯಾರಿಗೂ ಇರಲಾರದು. ಆ ಕೊರತೆ ತುಂಬುವುದು ತಮ್ಮಿಂದ ಉಣ್ಣುತ್ತಿರುವ ನನ್ನಂಥವನ ಕರ್ತವ್ಯ.

ಪೇಟೆ ಬೀದಿಗೆ ಕಾಂಕ್ರೀಟ್ ಬಿದ್ದದ್ದು ರಾಜ್ಯದ ಅಮೃತ ನಗರೋತ್ಥಾನದ ದುಡ್ಡಿನಲ್ಲಿ. ಗುದ್ದಲಿ ಪೂಜೆಗೆ ಶಾಸಕರು ಬಂದಿದ್ದರು. ಅರಿಸಿನ ಕುಂಕುಮ ಹಚ್ಚಿದ ಆ ಹೊಸ ಗುದ್ದಲಿ ನನ್ನ ಅಂಗಡಿಯದು. ಪೂಜೆ ಮುಗಿದ ಮೇಲೆ ಅದು ಯಾರ ಮನೆಗೆ ಹೋಯಿತೋ ನಾನು ಕೇಳಲಿಲ್ಲ, ಮುಂದಿನ ಪೂಜೆಗೆ ಇನ್ನೊಂದು ಹೋಗುತ್ತದೆ ಎಂಬ ನಂಬಿಕೆ ಇತ್ತು. ಆ ನಂಬಿಕೆ ಸುಳ್ಳಾಗಲಿಲ್ಲ. ರಸ್ತೆಯ ಮೇಲೆ ಬಿಳಿ ಪಟ್ಟಿ ಎಳೆಯುವ ಮೊದಲೇ ಕೇಂದ್ರದ ಅಮೃತ್ ಯೋಜನೆಯ ಕುಡಿಯುವ ನೀರಿನ ಪೈಪು ಲಾರಿಯಲ್ಲಿ ಬಂದಿಳಿಯಿತು. ಒಂದು ಅಮೃತದವರು ಹಾಕಿದ್ದನ್ನು ಇನ್ನೊಂದು ಅಮೃತದವರು ಅಗೆದರು. ಅವರು ಮಣ್ಣು ಮುಚ್ಚಿ ಹೋದ ಮೇಲೆ ಒಳಚರಂಡಿ ಚೇಂಬರ್ ಎತ್ತರಿಸುವವರು ಬಂದರು, ಆಮೇಲೆ ಇಂಟರ್‌ನೆಟ್ ಕೇಬಲಿನವರು.

ಪ್ರತಿ ಸಲವೂ ಜೆಸಿಬಿಯ ಹಲ್ಲಿಗೆ ಮನೆಗಳ ನಲ್ಲಿ ಸಂಪರ್ಕದ ಪೈಪುಗಳು ಸಿಗುತ್ತವೆ. ಮಧ್ಯಾಹ್ನ ಊಟದ ಹೊತ್ತಿಗೆ ಬೀದಿಯ ಗಂಡಸರೆಲ್ಲ ನನ್ನ ಅಂಗಡಿಯ ಮುಂದೆ. ಅರ್ಧ ಇಂಚಿನ ಕಪ್ಲರ್, ಎಲ್ಬೋ, ಟೆಫ್ಲಾನ್ ಟೇಪು, ಸಾಲ್ವೆಂಟ್ ಡಬ್ಬಿ. ವಾರದೊಳಗೆ ಒಡೆದದ್ದು ಕೂಡದಿದ್ದರೆ ಪ್ಲಾಸ್ಟಿಕ್ ಡ್ರಮ್ಮು. ತಿಂಗಳಾದರೂ ಕೂಡದಿದ್ದರೆ ಐನೂರು ಲೀಟರಿನ ಟ್ಯಾಂಕು. ದಸರಾ ದೀಪಾವಳಿಗೆ ಬಟ್ಟೆ ಅಂಗಡಿಯವರು ಕಾಯುತ್ತಾರೆ. ನನಗೆ ವರ್ಷವಿಡೀ ಹಬ್ಬ ಕೊಟ್ಟವರು ತಾವು.

ನೆಲದಡಿಯದ್ದು ಮೊದಲು, ನೆಲದ ಮೇಲಿನದ್ದು ಆಮೇಲೆ, ಇಷ್ಟು ಬುದ್ಧಿ ಬೇಡವೇ ಎಂದು ನನ್ನ ಗಿರಾಕಿಗಳು ಕೇಳುತ್ತಾರೆ. ತಮ್ಮ ಪರವಾಗಿ ನಾನೇ ಉತ್ತರ ಕೊಡುತ್ತೇನೆ. ನಗರೋತ್ಥಾನದ ಕ್ರಿಯಾ ಯೋಜನೆ ಒಂದು ಕಡೆ ಒಪ್ಪಿಗೆಯಾಗುತ್ತದೆ, ನೀರಿನದ್ದು ಇನ್ನೊಂದು ಕಡೆ, ಕೇಂದ್ರ ಹಣಕಾಸು ಆಯೋಗದ ದುಡ್ಡಿಗೆ ಅದರದೇ ನಿಬಂಧನೆ, ರಾಜ್ಯ ಹಣಕಾಸು ಆಯೋಗದ (ಎಸ್‌ಎಫ್‌ಸಿ) ಅನುದಾನಕ್ಕೆ ಅದರದೇ ಲೆಕ್ಕಶೀರ್ಷಿಕೆ. ಎಲ್ಲ ಕಡತಗಳೂ ಒಂದೇ ಬೀದಿಗೆ ಬಂದು ಸೇರುತ್ತವೆ, ಒಂದೇ ಮೇಜಿಗಲ್ಲ. ಇನ್ನು ನಮ್ಮ ಪುರಸಭೆಯ ಕಿರಿಯ ಅಭಿಯಂತರರು ಪಕ್ಕದ ಊರಿನ ಪ್ರಭಾರವನ್ನೂ ಹೊತ್ತವರು. ನಮ್ಮಲ್ಲಿ ಕಾಂಕ್ರೀಟ್ ಸುರಿಯುವ ದಿನ ಅವರು ಅಲ್ಲಿರುತ್ತಾರೆ, ಅಲ್ಲಿ ಅಗೆಯುವ ದಿನ ಇಲ್ಲಿರುತ್ತಾರೆ. ಅಳತೆ ಪುಸ್ತಕ ಮಾತ್ರ ಎರಡೂ ಊರಲ್ಲಿ ಸಕಾಲಕ್ಕೆ ತುಂಬಿಕೊಳ್ಳುತ್ತದೆ. ಅನುದಾನಕ್ಕೆ ಮಾರ್ಚ್ 31 ಇದೆ, ನೆಲಕ್ಕೆ ಹಾಗೇನಿಲ್ಲ. ಆದ್ದರಿಂದ ನೆಲವೇ ಕಾಯಬೇಕು.

ಕಾಂಕ್ರೀಟಿನ ವಿಷಯಕ್ಕೆ ಬಂದರೆ ಸಿಮೆಂಟ್ ಮಾರುವವನಾಗಿ ಒಂದು ಮಾತು ಹೇಳಲೇಬೇಕು. ಎಂ-20 ಕಾಂಕ್ರೀಟಿಗೆ ಘನ ಮೀಟರಿಗೆ ಹೆಚ್ಚುಕಡಿಮೆ ಎಂಟು ಚೀಲ ಸಿಮೆಂಟ್ ಬೀಳುತ್ತದೆ. ನನ್ನ ಗೋದಾಮಿನಿಂದ ಎಷ್ಟು ಚೀಲ ಹೋಯಿತು ಎಂಬುದು ನನಗೆ ಗೊತ್ತು, ರಸ್ತೆಯ ಉದ್ದಗಲ ಊರಿಗೇ ಗೊತ್ತು. ಭಾಗಾಕಾರ ಮಾಡುವ ಕೆಟ್ಟ ಚಟ ನನಗಿಲ್ಲ. ಶೇಕಡಾ ಇಪ್ಪತ್ತೈದು ಕಡಿಮೆಗೆ ಟೆಂಡರ್ ಹಿಡಿದ ಗುತ್ತಿಗೆದಾರ ಆ ಇಪ್ಪತ್ತೈದನ್ನು ತನ್ನ ಜೇಬಿನಿಂದ ತುಂಬಿಸಿಕೊಡುತ್ತಾನೆ ಎಂದು ಟೆಂಡರ್ ಸಮಿತಿಯವರೇ ನಂಬಿದ ಮೇಲೆ ನನ್ನದೇನು? ಕಾಂಕ್ರೀಟಿಗೆ ಕನಿಷ್ಠ ಏಳು ದಿನ, ಈಗ ಎಲ್ಲರೂ ಬಳಸುವ ಪಿಪಿಸಿ ಸಿಮೆಂಟಾದರೆ ಹತ್ತು ದಿನ ನೀರು ಕುಡಿಸಬೇಕು ಎನ್ನುತ್ತದೆ ಕಾಂಕ್ರೀಟಿನ ಮಾನಕ ಐಎಸ್ 456. ವಾರಕ್ಕೊಮ್ಮೆ ನಲ್ಲಿ ಬರುವ ಬೀದಿಯಲ್ಲಿ ರಸ್ತೆಗೆ ನೀರು ಎಲ್ಲಿಂದ ತರುವುದು ಎಂದು ಗುತ್ತಿಗೆದಾರ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ದೇವರು ದೊಡ್ಡವನು. ಒಡೆದ ಪೈಪಿನಿಂದ ಸೋರಿದ ನೀರು ಆ ಕ್ಯೂರಿಂಗನ್ನು ತಾನೇ ಮಾಡಿತು, ಅಡಿಯಿಂದ, ಪುಕ್ಕಟೆ, ಈಗಲೂ ಮಾಡುತ್ತಿದೆ.

ಟೆಂಡರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. 1999ರ ಪಾರದರ್ಶಕತೆ ಕಾಯ್ದೆ ಅಷ್ಟು ಚೆನ್ನಾಗಿದೆ. ಅದರ 4(ಜಿ) ಎಂಬ ಕಿಂಡಿಯಂತೂ ಇನ್ನೂ ಚೆನ್ನಾಗಿದೆ, ಸರ್ಕಾರ ಮನಸ್ಸು ಮಾಡಿದರೆ ಟೆಂಡರೇ ಇಲ್ಲದೆ ಕೆಲಸ ವಹಿಸಬಹುದು. ಕಿಂಡಿ ಸಿಗದವರು ಟೆಂಡರ್ ಮಿತಿ ದಾಟದಂತೆ ಒಂದು ಚರಂಡಿಯನ್ನು ಮೂರು ಚರಂಡಿ ಮಾಡಿಕೊಳ್ಳುತ್ತಾರೆ. ನೀರು ಮಾತ್ರ ಮೊದಲ ಚರಂಡಿಯಿಂದ ಎರಡನೆಯದಕ್ಕೆ ಹೋಗಲು ಅನುಮತಿ ಕಾಯುತ್ತಾ ಅಲ್ಲೇ ನಿಂತಿರುತ್ತದೆ.

ತಮ್ಮ ಆಡಳಿತದ ತಾಳ್ಮೆಯನ್ನೂ ಸ್ಮರಿಸಬೇಕು. 2018ರ ಆಗಸ್ಟ್ 31ರಂದು ನಾವು ಓಟು ಹಾಕಿದೆವು, ಸೆಪ್ಟೆಂಬರ್ 3ಕ್ಕೆ ಎಣಿಕೆ ಮುಗಿಯಿತು, ಪಟಾಕಿ ಹೊಡೆದದ್ದೂ ಆಯಿತು. ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಹೈಕೋರ್ಟಿಗೆ ಹೋಯಿತು. ಆಗ ಚುನಾವಣೆ ನಡೆದ ಊರುಗಳಲ್ಲಿ ಅಧ್ಯಕ್ಷರು ಕುರ್ಚಿ ಹತ್ತಿದ್ದು 2020ರ ಕೊನೆಗೆ. ಎರಡು ವರ್ಷ ನಮ್ಮ ಸದಸ್ಯರು ಗೆದ್ದವರು ಹೌದು, ಸದಸ್ಯರು ಅಲ್ಲ. ಮದುವೆಯಾಗಿಯೂ ತವರಿನಲ್ಲೇ ಉಳಿದ ಹೆಣ್ಣಿನಂತೆ ಇದ್ದರು ಪಾಪ. ಮೊದಲ ಮೂವತ್ತು ತಿಂಗಳು ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪಟ್ಟಿಗೆ ಮತ್ತೆ ಕಾದೆವು, ಅದು ಬಂದದ್ದು 2024ರ ಆಗಸ್ಟಿನಲ್ಲಿ. ನಡುವೆ ಆಡಳಿತಾಧಿಕಾರಿಗಳು ನೋಡಿಕೊಂಡರು. ತಾಲ್ಲೂಕಿನ ಬರ, ಬಗರ್‌ಹುಕುಂ, ಜಾತ್ರೆ, ಪರೀಕ್ಷೆಗಳ ನಡುವೆ ಸಮಯ ಸಿಕ್ಕಾಗ ನಮ್ಮ ಚರಂಡಿಯನ್ನೂ ನೋಡಿಕೊಂಡರು. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಪಟ್ಟಣಗಳು ಇನ್ನು ತಮ್ಮನ್ನು ತಾವೇ ಆಳಿಕೊಳ್ಳುತ್ತವೆ ಎಂದರು. ಆಳಿಕೊಳ್ಳುತ್ತಿವೆ. ಆಳುವವರು ಬಿಡುವಾಗಿರಬೇಕು, ಅಷ್ಟೇ.

ಅಧ್ಯಕ್ಷರ ಆಯ್ಕೆಯ ಹಿಂದಿನ ವಾರ ಸದಸ್ಯರು ಒಟ್ಟಾಗಿ ಊರು ಬಿಟ್ಟು ರೆಸಾರ್ಟಿನಲ್ಲಿ ತಂಗುವ ಪದ್ಧತಿಯನ್ನೂ ನಾನು ಮೆಚ್ಚುತ್ತೇನೆ. ದಿನವೂ ನೀರು ಬರುವ ಜಾಗ ಹೇಗಿರುತ್ತದೆ ಎಂದು ಅವರಿಗೂ ಗೊತ್ತಾಗಬೇಕಲ್ಲ.

ಇದೆಲ್ಲಕ್ಕಿಂತ ನಾನು ಹೆಚ್ಚು ಮೆಚ್ಚಿರುವುದು ತಮ್ಮ ಸಿಬ್ಬಂದಿ ನೀತಿಯನ್ನು. ಲೆಕ್ಕ ಎಷ್ಟು ಸರಳ ನೋಡಿ. ಏಳುನೂರು ಜನಕ್ಕೆ ಒಬ್ಬ ಪೌರಕಾರ್ಮಿಕ ಎಂದು ನಿಯಮ. ಜನ ಎಷ್ಟು? 2011ರ ಜನಗಣತಿ ಹೇಳಿದಷ್ಟು. ಆಗ 35,000 ಜನರಿದ್ದ ಊರಿಗೆ 50 ಮಂದಿ. ಆಮೇಲೆ ಹುಟ್ಟಿದವರು, ಬಡಾವಣೆ ಮಾಡಿಕೊಂಡವರು, ಬಾಡಿಗೆಗೆ ಬಂದವರು ಯಾರೂ ಕಸ ಹಾಕುವುದಿಲ್ಲ ಎಂದು ಸರ್ಕಾರದ ಭರವಸೆ. 2021ರ ಗಣತಿ ನಡೆಯಲೇ ಇಲ್ಲ, ಮುಂದಿನದು 2027ರದ್ದು. ಅಲ್ಲಿಯವರೆಗೆ ನಮ್ಮೂರಿಗೆ ವಯಸ್ಸಾಗುವುದಿಲ್ಲ.

2017ರಲ್ಲಿ ಪೌರಕಾರ್ಮಿಕರ ಗುತ್ತಿಗೆ ಪದ್ಧತಿಯನ್ನೇ ರದ್ದು ಮಾಡಿದರು. ಗುತ್ತಿಗೆದಾರ ಹೋದ, ನೇರ ಪಾವತಿ ಬಂತು, ಕಾಯಂ ಮಾತ್ರ ಎಲ್ಲರಿಗೂ ಬರಲಿಲ್ಲ. 2022ರ ಜುಲೈನಲ್ಲಿ ಅವರು ರಾಜ್ಯದಾದ್ಯಂತ ಪೊರಕೆ ಕೆಳಗಿಟ್ಟು ಕುಳಿತ ಮೇಲೆ ಉಳಿದವರನ್ನು ಕಾಯಂ ಮಾಡುವ ಮಾತು ಮತ್ತೆ ಶುರುವಾಯಿತು. ಐ.ಪಿ.ಡಿ. ಸಾಲಪ್ಪನವರ ಸಮಿತಿ ಇವರ ಬದುಕಿನ ಬಗ್ಗೆ ವರದಿ ಕೊಟ್ಟದ್ದು 1970ರ ದಶಕದಲ್ಲಿ. ಆತುರಪಟ್ಟರೆ ಆಡಳಿತ ಕೆಡುತ್ತದೆ ಎಂಬ ಎಚ್ಚರಿಕೆಗೆ ಇದಕ್ಕಿಂತ ಸಾಕ್ಷಿ ಬೇಕೆ? ಗುಡಿಸುವವರ ಸರದಿ ಬಂದರೂ ಕಸದ ಗಾಡಿಯ ಚಾಲಕ, ಲೋಡರ್, ನೀರು ಬಿಡುವವರು ಹೊರಗುತ್ತಿಗೆಯಲ್ಲೇ ಉಳಿದರು. ಕಸ ಗುಡಿಸುವುದು ಪುರಸಭೆಯ ಕೆಲಸ, ಗುಡಿಸಿದ್ದನ್ನು ಎತ್ತಿ ಸಾಗಿಸುವುದು ಯಾರೋ ಏಜೆನ್ಸಿಯದು.

ನಮ್ಮ ವಾರ್ಡಿನ ವಾಲ್ವ್‌ಮ್ಯಾನ್ ಬಗ್ಗೆ ಹೇಳುತ್ತೇನೆ. ತಮಗೆ ಅವರ ಮುಖ ಗೊತ್ತಿರಲಿಕ್ಕಿಲ್ಲ, ಹಾಜರಾತಿ ಯಂತ್ರಕ್ಕೆ ಗೊತ್ತು. ಊರಿನ ಪೈಪುಗಳ ನಕ್ಷೆ ಪುರಸಭೆಯಲ್ಲಿಲ್ಲ, ಅವರ ತಲೆಯಲ್ಲಿದೆ. ಗಾಣಿಗರ ಬೀದಿಗೆ ನೀರು ಹೋಗಬೇಕಾದರೆ ಯಾವ ವಾಲ್ವ್ ಎಷ್ಟು ಸುತ್ತು ತಿರುಗಿಸಬೇಕು, ಮಸೀದಿ ಹಿಂದಿನ ಏರಿಗೆ ಒತ್ತಡ ಸಾಲದಿದ್ದರೆ ಯಾವುದನ್ನು ಮುಚ್ಚಬೇಕು, ಹೊಸ ಕಾಂಕ್ರೀಟಿನಡಿ ಯಾವ ವಾಲ್ವ್ ಗುಂಡಿ ಹೂತುಹೋಯಿತು, ಎಲ್ಲ ಅವರಿಗೆ ಬಾಯಿಪಾಠ. ಹೊಸ ನೀರಿನ ಯೋಜನೆಗೆ ವರದಿ ಮಾಡಲು ಬೆಂಗಳೂರಿನಿಂದ ಕನ್ಸಲ್ಟೆನ್ಸಿಯ ಹುಡುಗರು ಕೈಯಲ್ಲಿ ಜಿಪಿಎಸ್ ಹಿಡಿದು ಬಂದರು. ಎರಡು ದಿನ ಈ ವಾಲ್ವ್‌ಮ್ಯಾನ್ ಹಿಂದೆಯೇ ಸುತ್ತಿ, ಇವರು ಬೆರಳು ತೋರಿಸಿದ ಕಡೆಯೆಲ್ಲ ಗುರುತು ಹಾಕಿಕೊಂಡು ಹೋದರು. ಆ ವರದಿಗೆ ಸಂದ ಶುಲ್ಕದಲ್ಲಿ ಇವರಿಗೆ ಬಂದದ್ದು ಎರಡು ಹೊತ್ತಿನ ಕಾಫಿ. ಅದೂ ನಾನು ಕೊಡಿಸಿದ್ದು.

ಏಜೆನ್ಸಿಯ ಟೆಂಡರ್ ಬದಲಾದಾಗಲೆಲ್ಲ ಅವರ ಸೇವೆ ಹೊಸದಾಗಿ ಶುರುವಾಗುತ್ತದೆ. ತಲೆ ನೆರೆತಿದೆ, ಕಡತದಲ್ಲಿ ಮಾತ್ರ ಅವರು ನಿತ್ಯ ನವವಧು. ಸಂಬಳ ಎರಡು ಮೂರು ತಿಂಗಳಿಗೊಮ್ಮೆ ಗಂಟಿನಲ್ಲಿ ಬರುತ್ತದೆ. ಬಿಡಿಬಿಡಿಯಾಗಿ ಕೊಟ್ಟರೆ ಖರ್ಚಾಗಿಬಿಡುತ್ತದೆ ಎಂಬ ತಮ್ಮ ಕಾಳಜಿ ಇರಬೇಕು. ಪಿ.ಎಫ್. ಕಟ್ಟಿದ್ದಾರೋ ಇಲ್ಲವೋ ಮೊಬೈಲಿನಲ್ಲಿ ನೋಡಿಕೊಡಿ ಎಂದು ನನ್ನ ಮಗನ ಹತ್ತಿರ ಬರುತ್ತಾರೆ. ಮಗ ನೋಡಿ ಸುಮ್ಮನಾಗುತ್ತಾನೆ. ಅವರು ಅರ್ಥ ಮಾಡಿಕೊಂಡು ಬೇರೆ ಮಾತು ತೆಗೆಯುತ್ತಾರೆ.

ಪೈಪು ಒಡೆದ ದಿನ ಅವರು ನೇರವಾಗಿ ಬರುವುದು ಪುರಸಭೆಗಲ್ಲ, ನನ್ನ ಅಂಗಡಿಗೆ. "ಸಾವ್ಕಾರ್ರೇ, ನಾಲ್ಕಿಂಚಿನ ಕಾಲರ್ ಎರಡು ಕೊಡಿ, ಪುರಸಭೆ ಹೆಸ್ರಿಗೆ ಬರ್ಕೊಳ್ಳಿ." ಬರೆದುಕೊಳ್ಳುತ್ತೇನೆ. ಆ ಪುಸ್ತಕ ದಪ್ಪವಾಗುತ್ತಿದೆ. ಬಿಲ್ಲು ಕೊಡಲು ಹೋದರೆ, ತುರ್ತು ಖರೀದಿಗೆ ಮೊದಲೇ ಮಂಜೂರಾತಿ ಬೇಕಿತ್ತಲ್ಲ ಎನ್ನುತ್ತಾರೆ ಲೆಕ್ಕಪತ್ರ ವಿಭಾಗದವರು. ಪೈಪು ಒಡೆಯುವ ಮೊದಲೇ ಅರ್ಜಿ ಹಾಕಬೇಕಿತ್ತು. ಮುಂದಿನ ಸಲ ಪೈಪಿಗೆ ತಿಳಿಸುತ್ತೇನೆ.

ತಾವು ಕೃತಘ್ನರಲ್ಲ ಎಂಬುದೂ ಗೊತ್ತು. ಸೆಪ್ಟೆಂಬರ್ 23ರ ಪೌರಕಾರ್ಮಿಕರ ದಿನಾಚರಣೆಗೆ ಶಾಮಿಯಾನ, ಶಾಲು, ಹಾರ, ಪಲಾವು, ಮೊಸರನ್ನ ಎಲ್ಲ ಇರುತ್ತದೆ. ಕಳೆದ ಸಲ ವೇದಿಕೆಯ ಮೇಲಿದ್ದ ಗಣ್ಯರ ಸಾಲು ಕೆಳಗೆ ಕುಳಿತ ಸನ್ಮಾನಿತರ ಸಾಲಿಗಿಂತ ಉದ್ದವಿತ್ತು. ಭಾಷಣದಲ್ಲಿ ಪೌರಕಾರ್ಮಿಕರು ದೇವರಿಗೆ ಸಮಾನ ಎಂದರು. ದೇವರಿಗೆ ಕೈಗವಸು ಬೇಕಾಗುವುದಿಲ್ಲ, ಹಾಗಾಗಿ ಆ ಪ್ರಸ್ತಾಪ ಬರಲಿಲ್ಲ. ಮಾರನೇ ದಿನ ಬೆಳಿಗ್ಗೆ ಶಾಮಿಯಾನದಡಿಯ ಎಲೆ, ಲೋಟಗಳನ್ನು ಎತ್ತಿದವರು ಯಾರು ಎಂದು ತಮಗೆ ಹೇಳಬೇಕಾಗಿಲ್ಲ. ಅವರಲ್ಲಿ ಒಬ್ಬಾಕೆ ನನ್ನ ಅಂಗಡಿಗೆ ಬಂದು ರಬ್ಬರ್ ಗವಸಿನ ಬೆಲೆ ಕೇಳಿ, ಬಲಗೈಯದ್ದು ಒಂದೇ ಕೊಡುತ್ತೀರಾ ಅಣ್ಣಾ ಅಂದಳು. ಜೋಡಿಯಾಗಿಯೇ ಬರುತ್ತದಮ್ಮ ಎಂದೆ. ಎಡಗೈಯದ್ದು ಹಳೆಯದಿನ್ನೂ ಚೆನ್ನಾಗಿದೆ ಎಂದಳು.

ಈ ತಿಂಗಳ ಸಾಮಾನ್ಯ ಸಭೆಯ ವಿಷಯ ಪಟ್ಟಿ ಪುರಸಭೆಯ ಗೋಡೆಯ ಮೇಲಿದೆ, ನೋಡಿ ಬಂದೆ. ಊರ ಬಾಗಿಲಿಗೆ ಸ್ವಾಗತ ಕಮಾನು, ಬಸ್ ನಿಲ್ದಾಣದ ಮುಂದೆ ಇನ್ನೊಂದು ಹೈಮಾಸ್ಟ್ ದೀಪ, ಪೇಟೆ ಬೀದಿಗೆ ಇಂಟರ್‌ಲಾಕ್ ಇಟ್ಟಿಗೆ. ಮೂರಕ್ಕೂ ನನ್ನ ಬೆಂಬಲವಿದೆ. ಕಬ್ಬಿಣವೂ ಸಿಮೆಂಟೂ ನನ್ನಲ್ಲಿ ಸಿಗುತ್ತದೆ. ಕಮಾನಿಗೆ ಪಿ.ಎಫ್. ಕಟ್ಟಬೇಕಾಗಿಲ್ಲ, ಹೈಮಾಸ್ಟ್ ಮುಷ್ಕರ ಹೂಡುವುದಿಲ್ಲ, ಇಟ್ಟಿಗೆಗೆ ವಯೋನಿವೃತ್ತಿಯಿಲ್ಲ. ತಮ್ಮ ಒಲವು ಯಾಕೆ ಆ ಕಡೆ ಎಂದು ಅರ್ಥ ಮಾಡಿಕೊಳ್ಳದಷ್ಟು ದಡ್ಡನಲ್ಲ ನಾನು.

ಆದರೂ ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರೆ ವಿಷಯಗಳು ಎಂದು ಕೊನೆಯಲ್ಲಿ ಒಂದು ಸಾಲು ಇರುತ್ತದಲ್ಲ, ಅಲ್ಲಿ ಎರಡು ಸೇರಿಸಬಹುದೇ ನೋಡಿ. ಒಂದು, ವಾಲ್ವ್‌ಮ್ಯಾನ್ ತಲೆಯಲ್ಲಿರುವ ನಕ್ಷೆಯನ್ನು ಕಾಗದಕ್ಕೆ ಇಳಿಸಿಕೊಳ್ಳುವುದು. ಅವರಿಗೆ ಮೊಣಕಾಲು ನೋವು ಶುರುವಾಗಿದೆ, ಮಗನನ್ನು ಈ ಕೆಲಸಕ್ಕೆ ಕಳಿಸುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದ್ದಾರೆ. ಕನ್ಸಲ್ಟೆನ್ಸಿಗೆ ಕೊಟ್ಟದ್ದರಲ್ಲಿ ಒಂದು ಪಾಲು ಕೊಟ್ಟರೂ ಅವರು ಬರೆಸಿಕೊಟ್ಟಾರು. ಎರಡು, ಗಮ್‌ಬೂಟು ಮತ್ತು ಕೈಗವಸು. ಬೂಟು ಐದರಿಂದ ಹತ್ತರವರೆಗೆ ಎಲ್ಲ ಸೈಜಿನಲ್ಲೂ ದಾಸ್ತಾನಿದೆ. ಹೆಂಗಸರ ಕಾಲಿಗೆ ಐದು ಆರು ಬೇಕಾಗುತ್ತದೆ. ಹಿಂದಿನ ಸಲ ಎಲ್ಲರಿಗೂ ಒಂಬತ್ತೇ ತರಿಸಿದ್ದರು, ಅದರಲ್ಲಿ ಅರ್ಧ ಇನ್ನೂ ತಮ್ಮ ಸ್ಟೋರಿನಲ್ಲೇ ಇವೆ. ಮೂರು ಕೊಟೇಶನ್ ಬೇಕೆಂದರೆ ಯೋಚನೆ ಬೇಡ. ಉಳಿದೆರಡನ್ನೂ ನಾನೇ ತಂದುಕೊಡುತ್ತೇನೆ, ಲೆಟರ್‌ಹೆಡ್ ಸಮೇತ. ಪದ್ಧತಿ ಗೊತ್ತಿದೆ.

ಇಂತಿ ತಮ್ಮ ವಿಶ್ವಾಸಿ,
ಪೇಟೆ ಬೀದಿಯ ಹಾರ್ಡ್‌ವೇರ್ ಅಂಗಡಿಯವನು

ಲಗತ್ತು: ಬಾಕಿ ಬಿಲ್ಲುಗಳ ಜೆರಾಕ್ಸ್ ಪ್ರತಿ (ಮೂಲಪ್ರತಿ ಈ ಹಿಂದೆ ತಮ್ಮಲ್ಲೇ ಕಳೆದುಹೋಗಿದೆ).