ಎಂಟು ಕಿಲೋ ‘ಇರ್ಲಿ’

ಮಗಳ ಮನೆಯ ಬಚ್ಚಲಲ್ಲಿ ಒಂದು ತೂಕದ ಯಂತ್ರವಿದೆ. ಬೆಳಗಿನ ಆರು ಗಂಟೆಗೆ ಯಾರಿಗೂ ಸದ್ದಾಗದಂತೆ ಅದರ ಮೇಲೆ ನಿಂತೆ. 68 ಕಿಲೋ. ಇಳಿದು, ಬೆನ್ನುಚೀಲ ಏರಿಸಿಕೊಂಡು ಮತ್ತೆ ನಿಂತೆ. 76.2. ಯಂತ್ರದ ಮೇಲೇ ಅನುಮಾನ ಬಂದು ಐದು ನಿಮಿಷ ಬಿಟ್ಟು ಮೂರನೇ ಸಲ ಹತ್ತಿದೆ. 76.4 ಆಗಿತ್ತು. ಆ ಐದು ನಿಮಿಷದಲ್ಲಿ ಟಾರ್ಚಿಗೆ ಹೆಚ್ಚುವರಿ ಸೆಲ್ಲು ಹುಡುಕಿ ಚೀಲಕ್ಕೆ ಹಾಕಿದ್ದೆ.

ಹೊರಟಿದ್ದದ್ದು ಡಿಸ್ನಿಲ್ಯಾಂಡಿಗೆ. ಮಗಳಿರುವ ಅರ್ವೈನಿನಿಂದ ಅನಾಹೈಮಿಗೆ ಕಾರಿನಲ್ಲಿ ಹೆಚ್ಚೆಂದರೆ ಅರ್ಧ ಗಂಟೆ. ರಾತ್ರಿ ಊಟ ಮುಗಿಸಿ ಇದೇ ಮನೆಗೆ ಬಂದು ಇದೇ ಹಾಸಿಗೆಯಲ್ಲಿ ಮಲಗುವವರು. “ನಿಮ್ಮ ಚೀಲ ನೋಡಿದ್ರೆ ಡಿಸ್ನಿಲ್ಯಾಂಡಿಗೆ ಹೊರಟಿದ್ದೀರೋ ವಾನಪ್ರಸ್ಥಕ್ಕೋ ಗೊತ್ತಾಗ್ತಿಲ್ಲ,” ಎಂದಳು ಹೆಂಡತಿ. ಅವಳ ಹೆಗಲಲ್ಲಿ ಅಂಗೈಯಗಲದ ಒಂದು ಪರ್ಸು ತೂಗುತ್ತಿತ್ತು. ನಮ್ಮ ಮನೆಯಲ್ಲಿ ಹೊರೆಗಾರ ನಾನು. ಹೆಂಡತಿಯರು ನಾಲ್ಕು ಸೂಟ್‌ಕೇಸು ತುಂಬುತ್ತಾರೆ ಎಂದು ಜೋಕು ಬರೆಯುವವರೆಲ್ಲ ಒಮ್ಮೆ ನಮ್ಮ ಮನೆಗೆ ಬರಬೇಕು.

ಇದು ಅಪ್ಪನಿಂದ ಬಂದ ಆಸ್ತಿ. ತೀರ್ಥಹಳ್ಳಿಯಿಂದ ಧರ್ಮಸ್ಥಳಕ್ಕೆ ಎರಡು ದಿನದ ಯಾತ್ರೆಯೆಂದರೆ ಒಂದು ಟ್ರಂಕು, ಒಂದು ಹೋಲ್ಡಾಲು, ತಿರುಗಣೆ ಮುಚ್ಚಳದ ಹಿತ್ತಾಳೆ ಕೂಜ, ಮೇಲೆ ಒಂದು ಕಂದೀಲು. ಕಂದೀಲು ಯಾಕೆಂದು ಅಮ್ಮ ಕೇಳಿದರೆ ಅಪ್ಪನ ಉತ್ತರ ಒಂದೇ: “ಇರ್ಲಿ.” ಈ ‘ಇರ್ಲಿ’ ಇದೆಯಲ್ಲ, ಅದಕ್ಕೆ ಎದುರು ವಾದ ಇಲ್ಲ. ‘ಬೇಕು’ ಎಂದರೆ ಯಾಕೆ ಬೇಕು ಎಂದು ಕೇಳಬಹುದು. ‘ಇರ್ಲಿ’ ಎಂದವನನ್ನು ಏನಂತ ಕೇಳುತ್ತೀರಿ?

ಹಿಂದಿನ ರಾತ್ರಿ ಚೀಲದ ಆಯ್ಕೆಗೇ ಒಂದೂವರೆ ಗಂಟೆ ಹಿಡಿದಿತ್ತು. ಕಣದಲ್ಲಿ ನಾಲ್ಕು ಅಭ್ಯರ್ಥಿಗಳು. ಮೊದಲನೆಯದು ಸಾಹಿತ್ಯ ಸಮ್ಮೇಳನವೊಂದರಲ್ಲಿ ಪ್ರತಿನಿಧಿಗಳಿಗೆ ಕೊಟ್ಟ ಬಗಲಚೀಲ. ಅದನ್ನು ತೂಗುಹಾಕಿಕೊಂಡರೆ ಮುಖಕ್ಕೆ ತಾನಾಗಿ ಒಂದು ಚಿಂತನೆ ಬರುತ್ತದೆ, ಆದರೆ ರೋಲರ್ ಕೋಸ್ಟರಿನಲ್ಲಿ ಚಿಂತನೆಗೆ ಅವಕಾಶ ಕಡಿಮೆ. ಎರಡನೆಯದು ಬ್ಯಾಂಕಿನಲ್ಲಿ ನಿವೃತ್ತಿಯಾದಾಗ ಗೆಳೆಯರು ಕೊಟ್ಟ ಕಪ್ಪು ಕೈಚೀಲ. ಅದನ್ನು ಹಿಡಿದು ಮಿಕ್ಕಿ ಮೌಸಿನ ಮುಂದೆ ನಿಂತರೆ ಸಾಲ ವಸೂಲಿಗೆ ಬಂದವನಂತೆ ಕಾಣುತ್ತೇನೆಂದು ಮೊಮ್ಮಗಳೇ ತೀರ್ಪು ಕೊಟ್ಟಳು. ಮೂರನೆಯದು ಮಗಳ ಸೂಚನೆ, ಸೊಂಟಕ್ಕೆ ಕಟ್ಟುವ ಫ್ಯಾನಿ ಪ್ಯಾಕು. “ಅಪ್ಪಾ, ಫೋನು, ಟೋಪಿ, ಸನ್‌ಸ್ಕ್ರೀನು, ಒಂದು ಖಾಲಿ ಬಾಟ್ಲಿ, ನೆನೆಯದ ಹಾಗೆ ತೆಳ್ಳಗಿನ ಒಂದು ಪಾಂಚೋ. ಇಷ್ಟು ಸಾಕು. ಇದರಲ್ಲೇ ಹಿಡಿಯುತ್ತೆ.”

ಆ ಫ್ಯಾನಿ ಪ್ಯಾಕು ಕಂಡಾಗ ನನಗೆ ಅಜ್ಜಿಯ ಎಲೆಅಡಿಕೆ ಸಂಚಿ ನೆನಪಾಯಿತು. ಸೀರೆಯಂಚಿನ ತುಂಡುಗಳಲ್ಲಿ ಹೊಲಿದದ್ದು, ಬಾಯಿಗೆ ದಾರ, ಒಳಗೆ ಒಂದರೊಳಗೊಂದು ಜೇಬು. ಎಲೆ ಒಂದರಲ್ಲಿ, ಅಡಿಕೆ ಒಂದರಲ್ಲಿ, ಸುಣ್ಣದ ಡಬ್ಬಿ, ಅಡಕತ್ತರಿ, ತೀರಾ ಒಳಗಿನದರಲ್ಲಿ ಮಡಿಸಿ ಮಡಿಸಿ ಕಡ್ಡಿಯಾದ ನೋಟು. ದಾರ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಅಜ್ಜಿ ಮದುವೆಗೂ ಸಿದ್ಧ, ತಿಥಿಗೂ ಸಿದ್ಧ. ಮನುಷ್ಯ ಹೊಲಿದ ಚೀಲಗಳಲ್ಲಿ ಅದಕ್ಕಿಂತ ಮೇಲಿನದು ಇಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಹೀಗೆ ಹತ್ತು ನಿಮಿಷ ಸಂಚಿಯ ಗುಣಗಾನ ಮಾಡಿ, ಎಲ್ಲರೂ ತಲೆದೂಗಿದ ಮೇಲೆ, ನಾನು ಅಳಿಯನ ಚಾರಣದ ಬೆನ್ನುಚೀಲ ಆರಿಸಿಕೊಂಡೆ.

ಅದಕ್ಕೆ ಕಾರಣವೂ ಇತ್ತು. ಪಾರ್ಕಿನ ನಿಯಮದ ಪ್ರಕಾರ 24 ಅಂಗುಲ ಉದ್ದ, 15 ಅಂಗುಲ ಅಗಲ, 18 ಅಂಗುಲ ಎತ್ತರ ಮೀರಿದ ಚೀಲಕ್ಕೆ ಪ್ರವೇಶವಿಲ್ಲ. ಮಗಳು ಇದನ್ನು ಓದಿದ್ದು ನನ್ನನ್ನು ಎಚ್ಚರಿಸಲಿಕ್ಕೆ. ನಾನು ಓವರ್‌ಡ್ರಾಫ್ಟ್ ಮಿತಿ ಮಂಜೂರಾದ ವ್ಯಾಪಾರಿಯ ಹಾಗೆ ಕೇಳಿಸಿಕೊಂಡೆ. ಅಷ್ಟು ಬಿಡುತ್ತಾರೆಂದ ಮೇಲೆ ಅಷ್ಟನ್ನೂ ಬಳಸದಿದ್ದರೆ ನಷ್ಟ ಯಾರಿಗೆ? ಹೊಲಿಗೆ ಟೇಪು ತಂದು ಅಳೆದೆ. ಆ ಟೇಪೂ ಚೀಲದೊಳಗೆ ಹೋಯಿತು. ಬಾಗಿಲಲ್ಲಿ ತಕರಾರು ಬಂದರೆ ಇರ್ಲಿ.

ನೀರಿನ ಕಥೆ ಬೇರೆ. ಎಲ್ಲಿಗೆ ಹೋಗುವ ಮೊದಲೂ ಆ ಸ್ಥಳದ ಚರಿತ್ರೆ ಓದಿಕೊಂಡು ಹೋಗಬೇಕೆನ್ನುವ ಚಟ ನನಗೆ. 1955ರ ಜುಲೈ 17ರಂದು ಡಿಸ್ನಿಲ್ಯಾಂಡ್ ತೆರೆದಾಗ ಕೊಳಾಯಿ ಕೆಲಸಗಾರರ ಮುಷ್ಕರದ ದೆಸೆಯಿಂದ ಎಲ್ಲ ಕೆಲಸ ಮುಗಿದಿರಲಿಲ್ಲವಂತೆ. ಕುಡಿಯುವ ನೀರಿನ ನಲ್ಲಿಯೋ ಶೌಚಾಲಯವೋ ಎಂಬ ಪ್ರಶ್ನೆ ಬಂದಾಗ ವಾಲ್ಟ್ ಡಿಸ್ನಿ ಶೌಚಾಲಯಕ್ಕೆ ಮತ ಹಾಕಿದ. ಸುಡುಬಿಸಿಲು, ಬಂದ ಜನ ಬಾಯಾರಿ ಕಂಗೆಟ್ಟರು, ಹೊಸದಾಗಿ ಹಾಕಿದ ಡಾಂಬರಿನಲ್ಲಿ ಹೆಂಗಸರ ಹೈಹೀಲ್ಡ್ ಚಪ್ಪಲಿ ಹೂತುಕೊಂಡವು. ಇದನ್ನು ಓದಿ ನನ್ನ ಗಂಟಲು ಒಣಗಿತು. ಮೂರು ಲೀಟರ್ ನೀರು ತುಂಬಿಸಿದೆ. ಲೀಟರಿಗೊಂದು ಕಿಲೋ ಎಂಬ ಲೆಕ್ಕ ನನಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿಲ್ಲದೆ ಹೋದದ್ದು ಇಷ್ಟೇ: ಆ ಸುದ್ದಿಗೆ ಎಪ್ಪತ್ತು ವರ್ಷ ತುಂಬಿದೆ, ಈಗ ತಿಂಡಿ ಕೌಂಟರಿನಲ್ಲಿ ಕೇಳಿದರೆ ಐಸು ಹಾಕಿದ ನೀರನ್ನು ಲೋಟದಲ್ಲಿ ಪುಕ್ಕಟೆ ಕೊಡುತ್ತಾರೆ.

ಕಾರು ನಿಲ್ಲಿಸಿದ ಕಟ್ಟಡದ ಕೆಳಗೇ ತಪಾಸಣೆ. ಮೇಜಿನ ಹಿಂದೆ ನಿಂತಿದ್ದ ಹುಡುಗಿ ನಗುನಗುತ್ತಾ ನನ್ನ ಚೀಲದ ಜಿಪ್ಪು ಎಳೆದಳು. ಕೊಡೆ ಬಂತು. ಆಷಾಢದಲ್ಲಿ ಕೊಡೆಯಿಲ್ಲದೆ ಹೊಸಿಲು ದಾಟುವುದು ತೀರ್ಥಹಳ್ಳಿಯವನ ಜಾಯಮಾನಕ್ಕೆ ಒಗ್ಗದು; ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಜುಲೈ ಮಳೆ ಅಪರೂಪ ಎಂಬುದು ಆಕಾಶಕ್ಕೆ ಗೊತ್ತಿದ್ದರೆ ಸಾಕೆ, ನನ್ನ ಕೈಗೂ ಗೊತ್ತಾಗಬೇಡವೇ? ಎರಡು ಟವೆಲು ಬಂದವು. ಟಾರ್ಚು. ಪಾಸ್‌ಪೋರ್ಟಿನ ಮೂರು ಸೆಟ್ ಜೆರಾಕ್ಸು. ನೈಲಾನ್ ಹಗ್ಗ. ಊರಿಂದ ಬರುವಾಗ ಸೂಟ್‌ಕೇಸಿನ ಸಂದಿಗೆ ತುರುಕಿದ್ದ ಕನ್ನಡ ಪತ್ರಿಕೆಯ ಹಾಳೆಗಳು. ಗೊಜ್ಜವಲಕ್ಕಿಯ ಸ್ಟೀಲ್ ಡಬ್ಬಿ, ಅದರೊಳಗೆ ಚಮಚ. ಹಗ್ಗದ ಹತ್ತಿರ ಅವಳ ಕೈ ಸ್ವಲ್ಪ ಹೊತ್ತು ನಿಂತಿತು. “ಬಟ್ಟೆ ಒಣಗಿಸಲಿಕ್ಕೆ,” ಎಂದು ಇಂಗ್ಲಿಷಿನಲ್ಲಿ ವಿವರಿಸಿದೆ. ಹಿಂದಿದ್ದ ಸಾಲಿನಲ್ಲಿ ಒಂದು ಮಗು ಅಳಲು ಶುರುಮಾಡಿತು. ನನ್ನ ಮೊಮ್ಮಗಳು ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ನಮಗೂ ತನಗೂ ಸಂಬಂಧವಿಲ್ಲದವಳಂತೆ ನಿಂತಳು.

ಕೊನೆಗೆ ಬಂದದ್ದು ಹಳೆಯ ಹಾರ್ಲಿಕ್ಸ್ ಬಾಟಲಿ. ಒಳಗೆ ಅಪ್ಪೆಮಿಡಿ.

ಹೊರಗಿನ ತಿಂಡಿಯನ್ನು ಅಲ್ಲಿ ಬಿಡುತ್ತಾರೆ, ಅದು ದೊಡ್ಡತನ. ಷರತ್ತು ಮೂರು. ಬಿಸಿ ಮಾಡುವ, ತಣ್ಣಗಿಡುವ ಪದಾರ್ಥ ಕೂಡದು, ಗಾಜಿನ ಪಾತ್ರೆ ಕೂಡದು, ಘಾಟು ವಾಸನೆ ಕೂಡದು. ಮೊದಲನೆಯದರ ಪ್ರಕಾರ ಮೊಸರನ್ನವನ್ನು ಮಗಳು ರಾತ್ರಿಯೇ ತಡೆದಿದ್ದಳು. ನಮ್ಮಮ್ಮ ಮೊಸರನ್ನವನ್ನು ಎರಡು ದಿನ ರೈಲಿನಲ್ಲಿ ಒಯ್ದದ್ದನ್ನು ಹೇಳಿದರೂ ಅವಳು ಕರಗಲಿಲ್ಲ. ಉಪ್ಪಿನಕಾಯಿಯನ್ನು ಮಾತ್ರ ನಾನು ಟವೆಲಿನಲ್ಲಿ ಸುತ್ತಿ ಅವಳ ಕಣ್ಣು ತಪ್ಪಿಸಿದ್ದೆ. ತಪಾಸಣೆಯ ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದಳು. ಎಣ್ಣೆಯಲ್ಲಿ ಮುಳುಗಿದ್ದ ಮಿಡಿಗಳು ಜೀವಶಾಸ್ತ್ರ ಪ್ರಯೋಗಾಲಯದ ಏನನ್ನೋ ನೆನಪಿಸುವಂತಿದ್ದವು, ಒಪ್ಪುತ್ತೇನೆ. ಗಾಜು ಆಗುವುದಿಲ್ಲ ಎಂದಳು. ಮೂರನೇ ಷರತ್ತಿಗೆ ಹೋಗಲೇ ಇಲ್ಲ, ಪುಣ್ಯ. ಹೋಗಿದ್ದರೆ ಮಲೆನಾಡಿನವನಿಗೂ ಕ್ಯಾಲಿಫೋರ್ನಿಯಾದವಳಿಗೂ ಪರಿಮಳ ಯಾವುದು, ಘಾಟು ಯಾವುದು ಎನ್ನುವ ವಾಗ್ವಾದ ಸಂಜೆಯ ತನಕ ನಡೆಯಬೇಕಿತ್ತು. ಅಳಿಯ ಒಂದೂ ಮಾತಾಡದೆ ಬಾಟಲಿ ಹಿಡಿದು ಕಾರಿಗೆ ವಾಪಸು ಓಡಿದ. ಒಳ್ಳೆಯ ಹುಡುಗ.

ಒಳಗೆ ಹೋದ ಮೇಲೆ ಮೊದಲು ಕಂಡದ್ದು ಮೇನ್ ಸ್ಟ್ರೀಟ್. ಎರಡನೆಯದು, ಬಾಡಿಗೆ ಲಾಕರುಗಳು. ಮಗಳು ಲಾಕರನ್ನೂ ನನ್ನನ್ನೂ ನೋಡಿದಳು. ನಾನು ಡಾಲರನ್ನು ರೂಪಾಯಿಗೆ ಪರಿವರ್ತಿಸಿ ನೋಡಿದೆ. ಚೀಲದೊಳಗಿನ ಸಾಮಾನಿನ ಒಟ್ಟು ಬೆಲೆಗಿಂತ ಬಾಡಿಗೆ ಹೆಚ್ಚು ಬಂತು. ನಲವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವನು ಇಂಥ ವ್ಯವಹಾರಕ್ಕೆ ಸಹಿ ಹಾಕುವುದಿಲ್ಲ. ಹೊತ್ತುಕೊಂಡೇ ನಡೆದೆ.

ಬೆನ್ನುಚೀಲದ ಒಂದು ಗುಣವೆಂದರೆ ಹೊತ್ತವನಿಗೆ ಅದು ಕಾಣುವುದಿಲ್ಲ. ಹಾವಿನಂತೆ ಸುತ್ತುವ ಕ್ಯೂಗಳಲ್ಲಿ ನಾನು ಎಡಕ್ಕೆ ತಿರುಗಿದರೆ ಬಲಗಡೆಯವರಿಗೆ ಏಟು, ಬಲಕ್ಕೆ ತಿರುಗಿ ‘ಸಾರಿ’ ಎಂದರೆ ಎಡಗಡೆಯವರಿಗೆ. ಮಧ್ಯಾಹ್ನದ ಹೊತ್ತಿಗೆ ಆರು ದೇಶಗಳ ಜನರಲ್ಲಿ ಕ್ಷಮೆ ಕೇಳಿದ್ದೆ. ಪ್ರತಿ ಸವಾರಿಗೂ ಚೀಲ ಬಿಚ್ಚು, ಕಾಲಸಂದಿಗೆ ತುರುಕು, ಇಳಿ, ಮತ್ತೆ ತೊಡು. ಆ ಹೊತ್ತಿಗೆ ನನ್ನ ಹಿಂದಿನವರು ಮುಂದಿನವರಾಗಿರುತ್ತಿದ್ದರು.

ಸ್ಪೇಸ್ ಮೌಂಟನ್ 1977ರದ್ದು; ಗುಮ್ಮಟದೊಳಗೆ ಕಗ್ಗತ್ತಲೆ, ಅದರಲ್ಲಿ ನಕ್ಷತ್ರಗಳ ನಡುವೆ ಓಡುವ ಬಂಡಿ. ಎಲ್ಲರೂ ಕಿರುಚುತ್ತಾರೆ, ನಾನೂ ಸಿದ್ಧನಾಗಿಯೇ ಕೂತಿದ್ದೆ. ಮೊದಲ ತಿರುವಿನಲ್ಲಿ ಕಾಲ ಬಳಿಯಿಂದ ‘ಠಣ್’ ಎಂದಿತು. ಎರಡನೇ ತಿರುವಿಗೆ ‘ಠಣಠಣ ಠಣ್’. ಗೊಜ್ಜವಲಕ್ಕಿ ಡಬ್ಬಿಯೊಳಗಿನ ಚಮಚ. ಹಿಂದಿನ ಸೀಟಿನ ದಂಪತಿಗೆ ಇದು ಗೊತ್ತಾಗುವುದು ಹೇಗೆ? ಬಂಡಿಯ ನಟ್ಟು ಕಳಚುತ್ತಿದೆಯೆಂದೇ ಅವರು ನಂಬಿದರು. ಅವರ ಕಿರುಚಾಟದಲ್ಲಿ ಉಳಿದವರಿಗಿಲ್ಲದ ಒಂದು ಪ್ರಾಮಾಣಿಕತೆ ಇತ್ತು. ಬೆಳಕಿಗೆ ಬಂದಾಗ ಆ ಗಂಡಸು ಹಳಿಯನ್ನೇ ದಿಟ್ಟಿಸುತ್ತಿದ್ದ. ನಾನು ಚೀಲವನ್ನು ಕೂಸಿನಂತೆ ಎದೆಗವಚಿಕೊಂಡು, ಚಮಚ ಮಿಸುಕದಂತೆ, ಮೆಲ್ಲಗೆ ದಾಟಿಬಂದೆ.

ನ್ಯಾಯವಾಗಿ ಹೇಳಬೇಕೆಂದರೆ ಒಂದು ಸಾಮಾನು ಕೆಲಸಕ್ಕೆ ಬಂತು. ಸಂಜೆಯ ಮೆರವಣಿಗೆಗೆ ಜನ ಫುಟ್‌ಪಾತಿನ ಅಂಚಿನಲ್ಲಿ ಬರೀ ನೆಲದ ಮೇಲೆ ಕೂತಿದ್ದರು. ನಾನು ಪತ್ರಿಕೆಯ ಹಾಳೆ ಬಿಡಿಸಿ ಮನೆಯವರಿಗೆಲ್ಲ ಹಾಸಿದೆ. ಪಕ್ಕದ ಅಮೆರಿಕನ್ ಅಜ್ಜಿ ಆಸೆಯಿಂದ ನೋಡಿದರು. ಅವರಿಗೂ ಒಂದು ಕೊಟ್ಟೆ. ಮೆರವಣಿಗೆ ಮುಗಿಯುವ ತನಕ ಅವರು ಶಿವಮೊಗ್ಗ ಆವೃತ್ತಿಯ ಶ್ರದ್ಧಾಂಜಲಿ ಪುಟದ ಮೇಲೆ ನೆಮ್ಮದಿಯಾಗಿ ಕೂತಿದ್ದರು. ಈ ಒಂದು ಜಯವನ್ನು ನಾನು ಆ ರಾತ್ರಿ ಎಷ್ಟು ಸಲ ಹೇಳಿದೆನೆಂದರೆ, ಕೊನೆಗೆ ಮೊಮ್ಮಗಳು, “ತಾತಾ, ಪೇಪರ್ ತೂಕ ಎಷ್ಟು? ಉಳಿದ ಎಂಟು ಕಿಲೋ ಏನಾಯ್ತು?” ಎಂದಳು. ಲೆಕ್ಕದಲ್ಲಿ ಚುರುಕು, ಯಾರ ಕಡೆಯಿಂದ ಬಂತೋ.

ಪಟಾಕಿ ಮುಗಿಸಿ ಕಾರಿನ ಬಾಗಿಲು ತೆಗೆದಾಗ ತೀರ್ಥಹಳ್ಳಿ ಹೊರಗೆ ಬಂತು. ಹಗಲಿಡೀ ಬಿಸಿಯಲ್ಲಿ ಕೂತ ಬಾಟಲಿ ಎಣ್ಣೆ ಕಕ್ಕಿ ಸೀಟಿಗೆ ಉಣಿಸಿತ್ತು. ಇಂಗು, ಸಾಸಿವೆ, ಅಪ್ಪೆಯ ಸೊನೆ, ಎಲ್ಲ ಸೇರಿ. ನನಗಂತೂ ಹೊಟ್ಟೆ ಚುರುಗುಟ್ಟಿತು. ಅಳಿಯ ನಾಲ್ಕೂ ಕಿಟಕಿ ಇಳಿಸಿ, ಹೈವೇಯಲ್ಲಿ ಮನೆಯ ತನಕ ಹಾಗೇ ಓಡಿಸಿದ. ಈ ಸಲವೂ ಒಂದೂ ಮಾತಾಡಲಿಲ್ಲ. ಆದರೆ ಮೌನಕ್ಕೂ ಮೌನಕ್ಕೂ ವ್ಯತ್ಯಾಸವಿದೆ.

ಮರುದಿನ ಪಕ್ಕದ ಪಾರ್ಕು, ಕ್ಯಾಲಿಫೋರ್ನಿಯಾ ಅಡ್ವೆಂಚರ್. ರಾತ್ರಿಯಿಡೀ ಭುಜ ನೋಯುತ್ತಿದ್ದಾಗ ನನಗೆ ವೈರಾಗ್ಯ ಹುಟ್ಟಿತ್ತು. ಬೆಳಿಗ್ಗೆ ಬರಿಗೈಯಲ್ಲಿ ಕಾರು ಹತ್ತಿದೆ. ಅಂಗಿಯ ಜೇಬಿನಲ್ಲಿ ಫೋನು, ಪ್ಯಾಂಟಿನ ಜೇಬಿನಲ್ಲಿ ಕರವಸ್ತ್ರ. ಪಾಂಚೋ ಕೊಡಲು ಬಂದ ಮಗಳಿಗೆ, “ಇಷ್ಟೆಲ್ಲ ಯಾಕೆ ಹೊರುತ್ತೀರಿ?” ಎಂದು ಬುದ್ಧಿ ಹೇಳಿದೆ. ಹೆಂಡತಿ ಆಕಾಶ ನೋಡಿದಳು.

ಗ್ರಿಜ್ಲಿ ರಿವರ್ ರನ್ ಎಂಬುದು ಕರಡಿ ಮೂತಿಯ ಬಂಡೆಯನ್ನು ಸುತ್ತಿ ಹರಿಯುವ ಹೊಳೆ. ದುಂಡಗಿನ ತೆಪ್ಪ, ಎಂಟು ಜನ, ನಡುವೆ ಚೀಲಗಳಿಗೊಂದು ಮುಚ್ಚಿಗೆಯ ಜಾಗ. ಎಲ್ಲರ ಚೀಲ ಅದರೊಳಗೆ ಬೆಚ್ಚಗೆ ಕೂತವು. ಎಲ್ಲರೂ ಪಾಂಚೋ ತೊಟ್ಟರು. ತೆಪ್ಪ ತಿರುಗುತ್ತಾ ಹೋಗುತ್ತದೆ, ನೀರು ಯಾರ ಮೇಲೆ ಬೀಳುವುದೆಂಬುದು ದೈವಚಿತ್ತ. ದೈವಕ್ಕೆ ಆ ದಿನ ಒಬ್ಬನೇ ಕಂಡ. ಇಳಿದಾಗ ನನ್ನ ಹತ್ತಿ ಪ್ಯಾಂಟು ಕಾಲಿಗೆ ಅಂಟಿ ಹೆಜ್ಜೆಗೊಮ್ಮೆ ‘ಪಚ್’ ಎನ್ನುತ್ತಿತ್ತು. ಫೋನನ್ನು ಮೂರು ದಿನ ಅಕ್ಕಿ ಡಬ್ಬಿಯಲ್ಲಿ ಮಲಗಿಸಬೇಕಾಯಿತು. ಒರೆಸಿಕೊಳ್ಳಲು ಇದ್ದ ಕರವಸ್ತ್ರವನ್ನು ಹಿಂಡಿದರೆ ಅರ್ಧ ಲೋಟ ನೀರು. “ತಾತಾ, ನಿನ್ನೆಯ ಎರಡು ಟವೆಲ್ ಎಲ್ಲಿ?” ಎಂದಳು ಮೊಮ್ಮಗಳು. ನಿಜ ಹೇಳಬೇಕೆಂದರೆ ನನಗೆ ಹೆಚ್ಚು ನೆನಪಾದದ್ದು ಹಗ್ಗ.

ಬರಿಗೈಯ ಇನ್ನೊಂದು ಅಪಾಯ ನನಗೆ ತಡವಾಗಿ ತಿಳಿಯಿತು. ಬರಿಗೈಯವನು ಎಲ್ಲರ ಗೂಟ. “ಅಪ್ಪಾ, ನಿಮ್ಮ ಕೈ ಖಾಲಿ ಇದೆಯಲ್ಲ, ಒಂದು ನಿಮಿಷ,” ಎಂದು ಮಗಳ ಜಾಕೆಟ್ಟು ಬಂತು. ಒದ್ದೆ ಪಾಂಚೋ ನಾಲ್ಕು. ಮೊಮ್ಮಗಳ ಪಾಪ್‌ಕಾರ್ನ್ ಬಕೆಟ್ಟು. ಅವಳ ತಮ್ಮನ ಒಂಟಿ ಚಪ್ಪಲಿ, ಒಂದು ರಟ್ಟಿನ ಕತ್ತಿ. ಹೆಂಡತಿ ಮಾತ್ರ ಏನೂ ಕೊಡಲಿಲ್ಲ, ಅವಳ ಬಳಿ ಕೊಡಲು ಏನೂ ಇರಲಿಲ್ಲ. ಮಧ್ಯಾಹ್ನ ಮೂರಕ್ಕೆ ನಾನು ಸಂತೆಯಲ್ಲಿ ಬಟ್ಟೆ ಮಾರುವವನಂತಾಗಿ, ಎರಡೂ ತೋಳಿನಲ್ಲಿ ಸಾಮಾನು ಹೇರಿಕೊಂಡು ಒಂದು ಅಂಗಡಿಗೆ ನುಗ್ಗಿದೆ. ಹೊರಗೆ ಬಂದಾಗ ಬೆನ್ನಲ್ಲಿ ಒಂದು ಹೊಸ ಚೀಲವಿತ್ತು. ಕೆಂಪು ಬಣ್ಣ, ಮೇಲೆ ಎರಡು ದುಂಡು ಕಿವಿ. ಬೆಲೆಯನ್ನು ರೂಪಾಯಿಗೆ ಪರಿವರ್ತಿಸಲಿಲ್ಲ. ಕೆಲವು ಲೆಕ್ಕ ಹಾಕಬಾರದು, ಅದೂ ಒದ್ದೆ ಪ್ಯಾಂಟಿನಲ್ಲಿ ನಿಂತು.

ರಾತ್ರಿ ಎಲ್ಲರೂ ಮಲಗಿದ ಮೇಲೆ ಕೆಂಪು ಚೀಲ ಏರಿಸಿಕೊಂಡು ತೂಕದ ಯಂತ್ರ ಹತ್ತಿದೆ. 72.9. ಬಚ್ಚಲ ನೆಲದ ಮೇಲೆ ಒಂದೊಂದಾಗಿ ಬಿಚ್ಚಿಟ್ಟೆ: ಜಾಕೆಟ್ಟು, ಪಾಂಚೋಗಳು, ಬಕೆಟ್ಟು, ಕತ್ತಿ, ಒಂಟಿ ಚಪ್ಪಲಿ. ಒಂದೂ ನನ್ನದಲ್ಲ ಎಂದು ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ಕಣ್ಣುಜ್ಜಿಕೊಂಡು ಬಂದು, ಚೀಲದ ಮುಂದಿನ ಜೇಬಿನ ಜಿಪ್ಪು ಎಳೆದಳು. ಊಟದ ಕೌಂಟರಿನಿಂದ ನಾನು ತಂದಿದ್ದ ಕಾಗದದ ನ್ಯಾಪ್ಕಿನ್ನುಗಳ ಕಟ್ಟು, ಹದಿನೆಂಟು ಪೊಟ್ಟಣ ಟೊಮೆಟೊ ಸಾಸು, ಪ್ಲಾಸ್ಟಿಕ್ ಚಮಚಗಳು.

“ಇದು?” ಎಂದಳು.

ಏನು ಹೇಳಿದೆನೆಂದು ನಿಮಗೆ ಗೊತ್ತು.